ಅಕ್ಕನ ಆರೈಕೆಗೆ ನಾನು ಹಾಕಿದ ಮಾರ್ಕು

ಮೈಸೂರಿನ ಡಾಕ್ಟರು ಅಕ್ಕನ ಸ್ಕ್ಯಾನ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನು ಮನೆಗೆ ಕರ್ಕೊಂಡು ಹೋಗಿ, ಇಷ್ಟಪಟ್ಟಿದ್ದು ತಿನ್ನಲಿ" ಅಂದರು. ಉಪ್ಪು ಬೇಡ, ಖಾರ ಬೇಡ, ಎಣ್ಣೆ ಬೇಡ ಅಂತ ಅಷ್ಟು ತಿಂಗಳು ಪಥ್ಯ ಹಿಡಿಸಿದವರೂ ಅವರೇ. ಅಕ್ಕ ಅವರೆದುರಿಗೇ ಕುರ್ಚಿಯಲ್ಲಿ ಕೂತಿದ್ದಳು. ಆದರೂ ಮಾತೆಲ್ಲ ನನ್ನ ಮುಖ ನೋಡಿಕೊಂಡು ನಡೆಯಿತು, ಕಾಯಿಲೆ ನನಗೇ ಬಂದಿರುವ ಹಾಗೆ. ಹೊರಡುವಾಗ, "ಹಾಸ್ಪಿಸ್ ಅಂತ ಇರುತ್ತೆ, ನಿಮ್ಮ ಕಡೆ ಯಾರಾದರೂ ಮಾಡ್ತಾರಾ ವಿಚಾರಿಸಿ" ಅಂತ ಒಂದು ಮಾತು ಸೇರಿಸಿದರು.

ಆ ಭಾನುವಾರ ಭೀಮನಬೀಡಿನ ಅಕ್ಕನ ಮನೆಯಲ್ಲಿ ಸಭೆ ಸೇರಿತು. ಅರಿಶಿನ ಕೀಳುವ ದಿನ ಒಬ್ಬರೂ ಕಣ್ಣಿಗೆ ಬೀಳದ ನೆಂಟರು ಅವತ್ತು ಜಗಲಿ ತುಂಬ ಇದ್ದರು. ಹಾಸ್ಪಿಸ್ ಅನ್ನುವ ಪದ ಕೇಳಿ ಒಬ್ಬ, "ಡಾಕ್ಟ್ರು ಹಾಸ್ಪಿಟ್ಲು ಅನ್ನಕ್ಕೋಗಿ ಅರ್ಧಕ್ಕೇ ನಿಲ್ಸವ್ರೆ ಕಣ" ಅಂದ. ಗುಣವಾಗದ ಕಾಯಿಲೆಯವರನ್ನು ಇರುವಷ್ಟು ದಿನ ನೋವಿಲ್ಲದ ಹಾಗೆ ನೋಡಿಕೊಳ್ಳುವವರು, ಬೇಕಾದರೆ ಮನೆಗೇ ಬರುತ್ತಾರೆ ಅಂತ ನಾನು ವಿವರಿಸಿದೆ. "ವಾಸಿ ಮಾಡ್ದೆ ಇರಕ್ಕೂ ಡಾಕ್ಟ್ರು ಬೇಕಾ?" ಅಂತ ಇನ್ನೊಬ್ಬ ಕೇಳಿದ. ಎಲ್ಲರೂ ಹೌದು ಅಂತ ತಲೆಯಾಡಿಸಿದರು.

ಆಗ ಅಕ್ಕನ ಸೊಸೆ ಕಾಫಿ ತಟ್ಟೆ ಹಿಡಿದು ನಿಂತಿದ್ದವಳು, "ಮಾವ, ಗುಂಡ್ಲುಪೇಟೆಲಿ ಈರುಳ್ಳಿ ಗೋಡೌನ್ ಹಿಂದೆ ಒಬ್ರು ಮಲಯಾಳಿ ನರ್ಸಮ್ಮ ಅವ್ರೆ. ನಮ್ಮ ತವರಲ್ಲಿ ಒಬ್ರಿಗೆ ಮನೆಗೇ ಬಂದು ನೋಡ್ತಿದ್ರು" ಅಂದಳು. ಆ ಜಾಗಕ್ಕೆ ಬೋರ್ಡು ಇದೆಯಾ ಅಂತ ಯಾರೋ ಕೇಳಿದರು. ಇಲ್ಲ ಅಂದಳು. ಬೋರ್ಡೂ ಇಲ್ಲದ ಜಾಗ, ಹೇಳಿದವಳು ಸೊಸೆ. ವಿಷಯ ಅಲ್ಲಿಗೇ ಮುಗಿಯಿತು. ಅವಳು ತಟ್ಟೆ ತಗೊಂಡು ಒಳಗೆ ಹೋದಳು.

ಒಳ್ಳೆಯ ಸಂಸ್ಥೆ ಹುಡುಕುವ ಕೆಲಸ ಸರ್ವಾನುಮತದಿಂದ ನನ್ನ ಹೆಗಲಿಗೆ ಬಿತ್ತು. ಕಾರಣ, ನಾನು ಚಾಮರಾಜನಗರದ ಬಿಇಒ ಆಫೀಸಿನಲ್ಲಿದ್ದುಕೊಂಡು ವರ್ಷಗಟ್ಟಲೆ ಶಾಲೆಗಳ ತಪಾಸಣೆ ಮಾಡಿ ನಿವೃತ್ತನಾದವನು. ನಾನು ಬರುವ ಸುದ್ದಿ ತಿಳಿದು ಮೂರು ದಿನ ಮೊದಲೇ ಸುಣ್ಣ ಬಳಿಸಿಕೊಂಡ ಗೋಡೆಗಳ ನಡುವೆ ಕೂತು, ಉಪ್ಪಿಟ್ಟು ಕೇಸರಿಬಾತು ತಿಂದು, 'ಶಾಲೆಯ ಪರಿಸರ ಉತ್ತಮವಾಗಿದೆ' ಎಂದು ಬರೆದು ಸಹಿ ಹಾಕಿದವನು. ಇಂಥ ಕೆಲಸಕ್ಕೆ ನನಗಿಂತ ಯೋಗ್ಯ ಈ ಜಿಲ್ಲೆಯಲ್ಲಿ ಯಾರಿದ್ದರು?

ಚಾಮರಾಜನಗರದ ಹೊರವಲಯದಲ್ಲಿ ಹೊಸದಾಗಿ ಶುರುವಾಗಿದ್ದ ಒಂದು ಹಾಸ್ಪಿಸ್ ಸಂಸ್ಥೆಗೆ ಫೋನ್ ಮಾಡಿ, ಬುಧವಾರ ಹನ್ನೊಂದಕ್ಕೆ ನೋಡಲು ಬರುತ್ತೇನೆ ಅಂದೆ. ಹಾಗೆ ಮೊದಲೇ ಹೇಳಿ ಹೋಗುವುದು ಸಭ್ಯತೆ ಅಂತ ನನಗೆ ಸೇವೆಯುದ್ದಕ್ಕೂ ಅಭ್ಯಾಸ. ಬಾಗಿಲಲ್ಲಿ ರಂಗೋಲಿ ಇತ್ತು. ನೆಲದ ಟೈಲ್ಸಿನಲ್ಲಿ ಮುಖ ಕಾಣುತ್ತಿತ್ತು. ಟೈ ಕಟ್ಟಿದ ಮ್ಯಾನೇಜರ್ ಕೈಗೆ ಗುಲಾಬಿ ಕೊಟ್ಟು, "ಘನತೆಯೇ ನಮ್ಮ ಧ್ಯೇಯ ಸರ್" ಅಂದರು. ಅಡುಗೆಮನೆ ತೋರಿಸುತ್ತಾ ಘನತೆ ಅಂದರು, ಲಿಫ್ಟ್ ತೋರಿಸುತ್ತಾ ಘನತೆ ಅಂದರು. ಗೋಡೆಯ ಮೇಲೆ ಗುಣಮಟ್ಟದ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಉಪ್ಪಿಟ್ಟೂ ಬಂತು.

ರಿಜಿಸ್ಟರುಗಳು ಒಂದಕ್ಕಿಂತ ಒಂದು ಚೆಂದ. ಕೆಂಪು ಇಂಕು, ನೀಲಿ ಇಂಕು, ಒಂದು ಕಡೆಯೂ ಹೊಡೆದು ಹಾಕಿದ ಗುರುತಿಲ್ಲ. ನನ್ನ ಕಣ್ಣಿಗೆ ಹಬ್ಬ. ವಾರ್ಡಿನ ಕೊನೆಯ ಮಂಚದಲ್ಲಿ ಮಲಗಿದ್ದ ಒಬ್ಬ ಮುದುಕರು ನನ್ನನ್ನು ನೋಡಿ ಹೆಬ್ಬೆರಳನ್ನು ಬಾಯಿಯ ಕಡೆ ಎತ್ತಿ ತೋರಿಸಿದರು. "ನೀರು ಕೇಳ್ತಾ ಇದಾರಾ?" ಅಂದೆ. ಮ್ಯಾನೇಜರ್ ತಕ್ಷಣ ಪುಟ ತಿರುಗಿಸಿ, "ಹತ್ತು ಗಂಟೆಗೆ ಕೊಟ್ಟಿದೆ ನೋಡಿ ಸರ್, ಸಹಿ ಇದೆ" ಅಂದರು. ಸಹಿ ಇತ್ತು. ಸಹಿ ಇದ್ದ ಮೇಲೆ ಮುದುಕರ ಬಾಯಿ ಒಣಗುವುದು ನಿಯಮಬಾಹಿರ. ನಾನು ತಲೆಯಾಡಿಸಿ ಮುಂದಿನ ಕೋಣೆಗೆ ಹೋದೆ. ಮೇಜಿನ ಮೇಲೆ ನೀರಿನ ಜಗ್ಗು ಇತ್ತು, ನನ್ನ ಕೈಗೆ ಎಟುಕುವಷ್ಟು ಹತ್ತಿರ. ಆ ಹೆಬ್ಬೆರಳು ಈಗಲೂ ನನ್ನ ಕಣ್ಣ ಮುಂದೆ ಬರುತ್ತದೆ. ಅವತ್ತು ನನ್ನ ಪುಸ್ತಕದಲ್ಲಿ ಮಾತ್ರ 'ದಾಖಲೆ ನಿರ್ವಹಣೆ: ಅತ್ಯುತ್ತಮ' ಅಂತ ಬರೆದುಕೊಂಡೆ.

ವರದಿ ಒಪ್ಪಿಸಲು ಅಕ್ಕನ ಹತ್ತಿರ ಹೋದೆ. ಅವಳು ದಿಂಬಿಗೆ ಒರಗಿ ಪೂರ್ತಿ ಕೇಳಿದಳು.

"ಅಲ್ಲಿ ಮಲ್ಗಿರೋರ್ನ ಮಾತಾಡುಸ್ದೇನ್ಲಾ?"

"ಇಲ್ಲ ಕಣಕ್ಕ. ಅವ್ರಿಗೆ ತೊಂದ್ರೆ ಆಗಬಾರ್ದು ಅಂತ..."

"ನೋವು ಬಂದ್ರೆ ಏನ್ ಮಾಡ್ತಾರಂತೆ?"

ಅದನ್ನು ನಾನು ಕೇಳಿರಲಿಲ್ಲ. ಟೈಲ್ಸು ಜಾರುವುದಿಲ್ಲ ಅನ್ನುವುದನ್ನು ಮಾತ್ರ ಖಚಿತ ಮಾಡಿಕೊಂಡು ಬಂದಿದ್ದೆ.

"ಇಸ್ಕೂಲ್ ನೋಡ್ದಂಗೆ ನೋಡ್ಬುಟ್ಟು ಬಂದಿದ್ದೀಯ, ಓಗು" ಅಂದು ಅಕ್ಕ ಗೋಡೆಯ ಕಡೆ ತಿರುಗಿದಳು. ಮನೆ ಬಿಟ್ಟು ಎಲ್ಲಿಗೂ ಬರುವುದಿಲ್ಲ ಅಂದಿದ್ದಳಾದ್ದರಿಂದ, ಅದೇ ಸಂಸ್ಥೆಯವರು ಮನೆಗೇ ಬಂದು ನೋಡುವ ಸೇವೆಗೆ ಅವಳ ಹೆಸರು ಬರೆಸಿದೆವು.

ಆ ಸಂಸ್ಥೆಯ ಇಬ್ಬರು ಒಂದೇ ಬಣ್ಣದ ಅಂಗಿ ತೊಟ್ಟು ಬಂದರು. ಒಬ್ಬರು ಫೋಟೋ ತೆಗೆದರು, ಇನ್ನೊಬ್ಬರು ಟ್ಯಾಬಿನಲ್ಲಿ ಪ್ರಶ್ನೆ ಓದಿದರು. "ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಅಮ್ಮಾ?"

"ಹತ್ತಕ್ಕೇ ಯಾಕಪ್ಪ ನಿಲ್ಸಿದ್ದೀರಿ?" ಅಂದಳು ಅಕ್ಕ.

ಆ ಉತ್ತರಕ್ಕೆ ಟ್ಯಾಬಿನಲ್ಲಿ ಜಾಗ ಇರಲಿಲ್ಲ. ಏಳು ಅಂತ ಒತ್ತಿಕೊಂಡು, ಬಿ.ಪಿ. ನೋಡಿ, ಒಂದು ವಿಟಮಿನ್ ಮಾತ್ರೆಯ ಡಬ್ಬಿ ಕೊಟ್ಟು ಹೋದರು. ಇಪ್ಪತ್ತನಾಲ್ಕು ಗಂಟೆಯೂ ಫೋನ್ ಎತ್ತುತ್ತೇವೆ ಅಂತ ಒಂದು ಸ್ಟಿಕ್ಕರನ್ನು ಬಾಗಿಲಿಗೆ ಅಂಟಿಸಿದರು.

ಅದಾದ ಎರಡನೇ ಭಾನುವಾರ ನಾನು ಬಸ್ಸು ಹಿಡಿದು ಅಕ್ಕನನ್ನು ನೋಡಲು ಹೋಗಿದ್ದೆ. ಊಟದ ಹೊತ್ತಿಗೆ ನೋವು ಏರಿತು. ಜೀವಮಾನದಲ್ಲಿ ಒಂದು ದಿನವೂ ಅಯ್ಯೋ ಅಂದವಳಲ್ಲ. ಹೊಲದಲ್ಲಿ ಹಾವು ಕಾಲ ಮೇಲೆ ಹರಿದರೂ ಕಳೆ ಕೀಳುವುದನ್ನು ನಿಲ್ಲಿಸಿರಲಿಲ್ಲ. ಅಂಥವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚುತ್ತಿದ್ದಳು. ನಾನು ಸ್ಟಿಕ್ಕರಿನ ನಂಬರಿಗೆ ಫೋನ್ ಮಾಡಿದೆ. ಮನುಷ್ಯರನ್ನು ಬಿಟ್ಟು ಮಿಕ್ಕಿದ್ದೆಲ್ಲ ಫೋನಿನಲ್ಲಿ ಸಿಕ್ಕಿತು. ಕೊಳಲು ನುಡಿಯಿತು, ನನ್ನ ಕರೆ ಅವರಿಗೆ ಅಮೂಲ್ಯ ಅಂತ ಒಂದು ಹೆಣ್ಣುದನಿ ಮೂರು ಭಾಷೆಯಲ್ಲಿ ಹೇಳಿತು, ಆಮೇಲೆ ಮತ್ತೆ ಕೊಳಲು. ಕೊನೆಗೆ ಸಿಕ್ಕ ಮನುಷ್ಯ, "ಇವತ್ತು ಸಂಡೇ ಸರ್. ಡಾಕ್ಟರ್ ನಾಳೆ ಸಿಗ್ತಾರೆ. ಅಲ್ಲೀತನಕ ಜ್ವರದ ಮಾತ್ರೆ ಕೊಟ್ಟಿರಿ" ಅಂದ. ಫೋನ್ ಇಟ್ಟ ಮರುಗಳಿಗೆ ಮೆಸೇಜು ಬಂತು, ಈ ಕರೆ ನಿಮಗೆ ಎಷ್ಟು ತೃಪ್ತಿ ಕೊಟ್ಟಿತು, ನಕ್ಷತ್ರ ಒತ್ತಿ ಅಂತ.

ನಾನು ಇನ್ನೂ ಆ ನಕ್ಷತ್ರಗಳನ್ನೇ ನೋಡುತ್ತಿದ್ದೆ. ಸೊಸೆ ಹಿತ್ತಲಿಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದಳು. "ನರ್ಸಮ್ಮಂಗೆ ಹೇಳಿದ್ದೀನಿ ಮಾವ. ಬತ್ತಾವ್ರೆ" ಅಂದಳು. ನನ್ನ ಒಪ್ಪಿಗೆ ಕೇಳಲಿಲ್ಲ. ಕೇಳಿದ್ದರೆ ಬೋರ್ಡಿನ ವಿಚಾರ ಎತ್ತುತ್ತಿದ್ದೆನೋ ಏನೋ.

ಮುಕ್ಕಾಲು ಗಂಟೆಯೊಳಗೆ ಬಾಗಿಲು ಸರಿಯಾಗಿ ಹಾಕಿಕೊಳ್ಳದ ಒಂದು ಹಳೇ ವ್ಯಾನು ಬಂದು ನಿಂತಿತು. ಐವತ್ತು ದಾಟಿದ ನರ್ಸು, ಜೊತೆಗೆ ಒಬ್ಬರು ಲೇಡಿ ಡಾಕ್ಟರು. ನಾನು ಎದುರು ಹೋಗಿ ಕಾಯಿಲೆಯ ಇತಿಹಾಸ ಶುರು ಮಾಡಿದೆ. ನರ್ಸು ನನ್ನನ್ನು ದಾಟಿಕೊಂಡು ಹೋಗಿ ಅಕ್ಕನ ಮಂಚದ ಪಕ್ಕ ನೆಲದ ಮೇಲೆ ಕೂತು, ಅವಳ ಕೈ ಹಿಡಿದು, "ಅಮ್ಮಾ, ಎಲ್ಲಿ ನೋವುಂಟು? ನೀವು ಹೇಳಿ" ಅಂದರು. ಅಷ್ಟು ತಿಂಗಳಲ್ಲಿ ಅಕ್ಕನ ಕಾಯಿಲೆಯನ್ನು ಅಕ್ಕನನ್ನೇ ಕೇಳಿ, ಅವಳ ಉತ್ತರವನ್ನೂ ಕೇಳಿಸಿಕೊಂಡವರು ಅವರೊಬ್ಬರೇ.

ಎರಡನೇ ಪ್ರಶ್ನೆಗೆ, ನೋಡಲು ಬಂದು ಜಗಲಿಯಲ್ಲಿ ಕೂತಿದ್ದ ಗಂಡಸರೆಲ್ಲ ಅಂಗಳಕ್ಕಿಳಿದರು. "ಕಕ್ಕಸಿಗೆ ಹೋಗಿ ಎಷ್ಟು ದಿನ ಆಯ್ತು?" ಆರು ದಿನವಾಗಿತ್ತು. ಇಷ್ಟೊಂದು ಜನ ಬಂದು ನೋಡಿ ಮರುಗಿ ಹೋಗಿದ್ದೆವಲ್ಲ, ಒಬ್ಬರಿಗೂ ಅದು ಗೊತ್ತಿರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಈ ಮಾತ್ರೆ ಹೊಟ್ಟೆ ಕಟ್ಟುತ್ತದೆ, ಜೊತೆಗೆ ಇದನ್ನೂ ತಪ್ಪದೆ ಕೊಡಿ ಅಂತ ಇನ್ನೊಂದು ಔಷಧಿ ಕೊಟ್ಟು, ಎರಡರ ಹೊತ್ತನ್ನೂ ಸೊಸೆಗೆ ಹೇಳಿ, ಅವಳಿಂದ ತಿರುಗಿ ಹೇಳಿಸಿದರು. ಸಂಜೆಯ ಹೊತ್ತಿಗೆ ಅಕ್ಕ ಸೆರಗು ಬಿಟ್ಟಳು. ಮಾರನೇ ದಿನ ಮಧ್ಯಾಹ್ನ ನನ್ನನ್ನು ಕರೆದು, "ಹೊಟ್ಟೆ ಕುಲಾಸಾಯ್ತು ಕಣ್ಲಾ, ಬರ್ಕೋ ನಿನ್ ಬುಕ್ಕಲ್ಲಿ" ಅಂದಳು.

ಆ ವಾರ ನಾನು ಹೇಳದೆ ಕೇಳದೆ ಗುಂಡ್ಲುಪೇಟೆಯ ಆ ಜಾಗಕ್ಕೆ ಹೋದೆ. ನನ್ನ ಬದುಕಿನ ಮೊದಲ ದಿಢೀರ್ ತಪಾಸಣೆ ಅದು, ನಿವೃತ್ತಿಯ ನಂತರ. ಕೇರಳದ ಲಾರಿಗಳು ಸಾಲಾಗಿ ನಿಂತ ಬೀದಿ, ಈರುಳ್ಳಿ ಸಿಪ್ಪೆ ಹಾರಾಡುತ್ತಿತ್ತು. ಬಾಡಿಗೆ ಮನೆ, ಉದುರುತ್ತಿದ್ದ ಗಾರೆ, ಒಂದು ಕೈ ಮುರಿದ ಕುರ್ಚಿ. ಸರ್ಟಿಫಿಕೇಟು ಹುಡುಕಿದೆ. ಗೋಡೆಯ ಮೇಲೆ ಕ್ಯಾಲೆಂಡರ್ ಒಂದೇ ಇತ್ತು, ಅದರ ತುಂಬ ಯಾರ ಮನೆಗೆ ಯಾವತ್ತು ಹೋಗಬೇಕು ಅಂತ ಪೆನ್ಸಿಲಿನಲ್ಲಿ ಗೀಚಿದ್ದರು, ಅಳಿಸಿದ್ದರು, ಮತ್ತೆ ಗೀಚಿದ್ದರು. ನನ್ನ ಕೈ ಕೆಂಪು ಪೆನ್ನಿಗೆ ತಡಕಾಡಿತು.

ನರ್ಸು ಊಟ ಮಾಡುತ್ತಿದ್ದರು. ಎದ್ದು ನಿಲ್ಲಲಿಲ್ಲ. "ಏನು ಸಾರ್, ಅಮ್ಮನಿಗೆ ಏನಾಯ್ತು?" ಅಂದರು. ಏನೂ ಇಲ್ಲ, ಸುಮ್ಮನೆ ನೋಡಿ ಹೋಗಲು ಬಂದೆ ಅಂದೆ. "ಒಳ್ಳೇದಾಯ್ತು. ಅಮ್ಮನ ಬೆನ್ನಲ್ಲಿ ಹುಣ್ಣು ಶುರುವಾಗ್ತಾ ಉಂಟು. ಎರಡು ಗಂಟೆಗೊಂದು ಸಲ ಮಗ್ಗುಲು ತಿರುಗಿಸ್ಬೇಕು. ಸೊಸೆ ಒಬ್ಬಳೇ ಮಾಡ್ತಾಳೆ. ನೀವು ಎಷ್ಟು ಸಲ ತಿರುಗಿಸಿದ್ದೀರಿ?"

ನಾನು ಒಂದು ಸಲವೂ ತಿರುಗಿಸಿರಲಿಲ್ಲ. ತಪಾಸಣೆಗೆ ಹೋದವನ ತಪಾಸಣೆ ಮುಗಿಯಿತು. ಊಟ ಮುಗಿಸಿ ಕೈ ತೊಳೆದು ಅವರು ಒಂದು ದಿಂಬನ್ನು ಮಂಚದ ಮೇಲಿಟ್ಟು, ಹೆಗಲ ಹತ್ತಿರ ಹೇಗೆ ಹಿಡಿಯಬೇಕು, ಸೊಂಟಕ್ಕೆ ಹೇಗೆ ಆನಿಕೆ ಕೊಡಬೇಕು ಅಂತ ತೋರಿಸಿಕೊಟ್ಟರು. ಆ ದಿಂಬಿನ ಮೇಲೆ ಮೂರು ಸಲ ನನ್ನಿಂದ ಮಾಡಿಸಿದರು, ಎರಡು ಸಲ ಬೈದರು. ಅವತ್ತೇ ನನ್ನ ಮನೆಯಿಂದ ನಾಲ್ಕು ಜೊತೆ ಬಟ್ಟೆ ತರಿಸಿಕೊಂಡು, ಭೀಮನಬೀಡಿನಲ್ಲಿ ಅಕ್ಕನ ಹತ್ತಿರವೇ ಉಳಿದೆ.

ಗುಂಡ್ಲುಪೇಟೆಯವರೂ ದೇವತೆಗಳೇನಲ್ಲ. ವ್ಯಾನು ಕೆಟ್ಟು ಒಂದು ಸಲ ಇಡೀ ದಿನ ತಡವಾಗಿ ಬಂದರು. ಆದರೆ ಬೆಳಗ್ಗೆಯೇ ಫೋನ್ ಮಾಡಿ, ಬರುವುದು ನಾಳೆ, ಅಲ್ಲಿಯವರೆಗೆ ಹೀಗೆ ಹೀಗೆ ಮಾಡಿ ಅಂತ ಹೇಳಿದ್ದರು. ಊರಿನವರ ತಕರಾರು ಬೇರೆ. ನೋಡಲು ಬಂದವರೆಲ್ಲ ಮಂಚದ ಮೇಲ್ಗಡೆ ಕಣ್ಣು ಹಾಯಿಸಿ, "ಒಂದ್ ಗ್ಲೂಕೋಸ್ ಬಾಟ್ಲೂ ನೇತಾಕಿಲ್ವಲ್ಲ" ಅಂತ ಮುಖ ಕಿವುಚುತ್ತಿದ್ದರು. ನಮ್ಮಲ್ಲಿ ಬಾಟಲಿ ತೂಗಿಸದ ಡಾಕ್ಟರು ಡಾಕ್ಟರೇ ಅಲ್ಲ.

ನಾನಂತೂ ದಿನಾ ಬೆಳಗಾದರೆ ಅಕ್ಕನಿಗೆ ಸುಳ್ಳು ಬಡಿಸುತ್ತಿದ್ದೆ. "ಬಿಸಿಲು ಕಮ್ಮಿಯಾಗ್ಲಿ, ಎದ್ದು ಓಡಾಡ್ತೀಯ. ಮುಂದಿನ ವರ್ಷ ಶ್ರೀಶೈಲಕ್ಕೆ ಹೋಗನ." ಅಕ್ಕ ಊಂ ಅನ್ನುತ್ತಿದ್ದಳು, ನನ್ನ ಮನಸ್ಸಿಗೆ ನೋವಾಗಬಾರದು ಅಂತ. ಒಂದು ದಿನ ಹುಣ್ಣಿಗೆ ಮದ್ದು ಹಚ್ಚುತ್ತಿದ್ದ ನರ್ಸನ್ನು ನೇರವಾಗಿ ಕೇಳಿದಳು.

"ನಾನು ಯುಗಾದಿ ನೋಡ್ತೀನೇನವ್ವ?"

ನಾನು ಬಾಯಿ ತೆರೆಯುವುದರೊಳಗೆ ನರ್ಸು, "ಕಷ್ಟ ಅಮ್ಮಾ. ಯುಗಾದಿಗೆ ಏನು ಮಾಡ್ಬೇಕು ಅಂತ ಉಂಟು?" ಅಂದರು.

"ಹೋಳಿಗೆ ತಿನ್ಬೇಕು."

"ಅದಕ್ಕೆ ಯುಗಾದಿ ಯಾಕೆ? ನಾಳೆ ಮಾಡ್ಸಿ."

ಮಾರನೇ ದಿನ ಸೊಸೆ ಹೋಳಿಗೆ ಮಾಡಿದಳು. ಅಕ್ಕ ತಿಂದದ್ದು ಕಾಲು ಭಾಗ, ಹೂರಣಕ್ಕೆ ಏಲಕ್ಕಿ ಸಾಲದು ಅಂತ ಅಂದದ್ದು ಅರ್ಧ ಗಂಟೆ. ಸತ್ಯ ಹೇಳಿದರೆ ಅಕ್ಕ ಕುಸಿದುಹೋಗುತ್ತಾಳೆ ಅಂತ ನಾವೆಲ್ಲ ನಂಬಿಕೊಂಡಿದ್ದೆವು. ಆಮೇಲೆ ಅವಳು ಮಗನನ್ನು ಕರೆದು ಯಾವ ಹೊಲದ ಯಾವ ಮೂಲೆಯಲ್ಲಿ ತನ್ನನ್ನು ಕೂರಿಸಿ ಮಣ್ಣು ಮಾಡಬೇಕು ಅಂತ ಹೇಳಿದಳು. ಬಿತ್ತನೆ ಅರಿಶಿನ ಯಾವುದು, ಮಾರುವುದು ಯಾವುದು ಅಂತ ಬೇರೆ ಮಾಡಿಸಿದಳು. ನನಗೆ, "ಎಡಮಗ್ಗುಲಿಗೆ ತಿರುಗ್ಸೋದು ಇನ್ನೂ ಬಂದಿಲ್ಲ ನಿಂಗೆ, ಕಲ್ತ್ಕೋ" ಅಂದಳು.

ಒಂದು ಗುರುವಾರ ಬೆಳಗ್ಗೆ, ಮುಖ ತೊಳೆಸಿ ವಿಭೂತಿ ಹಚ್ಚಿ ಸೊಸೆ ತಲೆ ಬಾಚುತ್ತಿರುವಾಗ ಅಕ್ಕನ ಉಸಿರು ನಿಂತಿತು. ಅಷ್ಟು ದಿನ ಅಲ್ಲೇ ಬಿದ್ದಿದ್ದ ನಾನು ಆ ಹೊತ್ತಿನಲ್ಲಿ ಜಗಲಿಯ ಮೇಲೆ ಪೇಪರ್ ಓದುತ್ತಿದ್ದೆ. ಸೊಸೆ ಬಂದು "ಮಾವ" ಅಂದಳು, ಅಷ್ಟೇ. ಬಾಚಣಿಗೆ ಇನ್ನೂ ಕೈಯಲ್ಲಿತ್ತು. ಅಕ್ಕನ ಮುಖದಲ್ಲಿ ಒಂದು ಗೆರೆಯೂ ಸೊಟ್ಟಗಿರಲಿಲ್ಲ. ನಾನು ಎಂಥ ರಿಜಿಸ್ಟರಿನಲ್ಲೂ ಕಾಣದ ಪುರಾವೆ ಅದು.

ಕಾರ್ಯವೆಲ್ಲ ಮುಗಿದು ನೆಂಟರು ಕರಗಿದ ಮೇಲೆ ನರ್ಸು ಒಬ್ಬರೇ ಬಸ್ಸಿನಲ್ಲಿ ಬಂದರು. ನೋಡಬೇಕಾದ ರೋಗಿ ಇಲ್ಲದ ಮನೆಗೆ ಯಾಕೆ ಬಂದಿರಿ ಅಂತ ನಾನು ಕೇಳಿಯೇಬಿಟ್ಟೆ. "ಇವಳನ್ನು ನೋಡ್ಲಿಕ್ಕೆ" ಅಂತ ಸೊಸೆಯ ಕಡೆ ಕೈ ಮಾಡಿದರು. ನಿದ್ದೆ ಬರುತ್ತಾ, ಊಟ ಸೇರುತ್ತಾ ಅಂತ ವಿಚಾರಿಸಿದರು. ಇಬ್ಬರೂ ಹಿತ್ತಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತರು. ಅತ್ತೆ ಸತ್ತ ದಿನವೂ ಅಡುಗೆಮನೆಯಲ್ಲಿ ನೂರು ಜನಕ್ಕೆ ಅನ್ನ ಬಸಿಯುತ್ತಿದ್ದ ಹುಡುಗಿ ಅವತ್ತು ಗಟ್ಟಿಯಾಗಿ ಅತ್ತಳು. ಅವಳನ್ನು ನಾವು ಯಾರೂ ಏನೂ ಕೇಳಿರಲಿಲ್ಲ.

ಈಗ ನನ್ನನ್ನು ಈ ವಿಷಯದಲ್ಲಿ ತಜ್ಞ ಅಂದುಕೊಂಡು ಜನ ಫೋನ್ ಮಾಡುತ್ತಾರೆ. ಮೊನ್ನೆ ಹರದನಹಳ್ಳಿಯಿಂದ ನನ್ನ ಹಳೇ ಸಹೋದ್ಯೋಗಿ ಮಾಡಿದ್ದರು, ಅವರ ತಂದೆಗೆ ಇಂಥದ್ದೇ ಸ್ಥಿತಿ. ಹೇಳದೆ ಹೋಗಿ ನೋಡಿ, ಭಾನುವಾರ ಮಧ್ಯಾಹ್ನ ಫೋನ್ ಮಾಡಿ ನೋಡಿ, ಅಲ್ಲಿ ಮಲಗಿರುವವರನ್ನು ಮಾತಾಡಿಸಿ, ನೋವಿಗೆ ಏನು ಕೊಡುತ್ತೀರಿ ಅಂತ ಮೊದಲು ಕೇಳಿ ಅಂತ ಅರ್ಧ ಗಂಟೆ ಹೇಳಿದೆ. ಅವರು ಎಲ್ಲ ಶ್ರದ್ಧೆಯಿಂದ ಕೇಳಿಸಿಕೊಂಡು, "ಅದೆಲ್ಲ ಸರಿ ಸಾರ್, ಎ.ಸಿ. ಇದ್ಯಾ?" ಅಂದರು.

ಮುಂದಿನ ಸೋಮವಾರ ಜಾಗ ನೋಡಲು ನಾನೇ ಜೊತೆಗೆ ಬರುತ್ತೇನೆ ಅಂದಿದ್ದೇನೆ. ತಂದೆಯನ್ನು ಮಗ್ಗುಲು ತಿರುಗಿಸುವುದು ಹೇಗೆ ಅಂತಲೂ ಅವರಿಗೆ ತೋರಿಸಿಕೊಡಬೇಕು.