ಹಲಗೆಯ ಮೇಲೆ ಬಂದ ಹೊಳೆ

ನಾನು ಚಿಕ್ಕವನಿದ್ದಾಗ ನನ್ನ ಅಕ್ಷರ ಬಹಳ ಚೆನ್ನಾಗಿತ್ತು. ಎಲ್ಲ ಅನಾಹುತಕ್ಕೂ ಅದೇ ಮೂಲ. ಅಕ್ಷರ ಕೆಟ್ಟದಾಗಿದ್ದಿದ್ದರೆ ಮೇಷ್ಟ್ರು ನನ್ನ ಕೈಗೆ ಸೀಮೆಸುಣ್ಣ ಕೊಡುತ್ತಿರಲಿಲ್ಲ, ನಾನು ಆ ಸುದ್ದಿ ಬರೆಯುತ್ತಿರಲಿಲ್ಲ, ಓಣಿಗೆ ಓಣಿಯೇ ಅದನ್ನು ನಂಬುತ್ತಲೂ ಇರಲಿಲ್ಲ. ಮೊಮ್ಮಕ್ಕಳೇ, ಆ ಫೋನನ್ನು ಸ್ವಲ್ಪ ಪಕ್ಕಕ್ಕಿಟ್ಟು ಇದನ್ನು ಓದಿ. ಕಾಲು ಗಂಟೆ ಅದು ಇಲ್ಲದಿದ್ದರೆ ಯಾರ ಗಂಟೂ ಹೋಗುವುದಿಲ್ಲ.

ಆಗ ದಾವಣಗೆರೆಯಲ್ಲಿ ನಮ್ಮ ಮನೆ ಹತ್ತಿಗಿರಣಿಯ ಹಿಂದಿನ ಓಣಿಯಲ್ಲಿತ್ತು. ಅಪ್ಪ ಹರಿಹರದ ದಾರಿಯಲ್ಲಿರುವ ಬಾತಿ ಎಂಬ ಹಳ್ಳಿಯಲ್ಲಿ ಬೇಸಾಯ ಬಿಟ್ಟು ಬಂದು ಗಿರಣಿಯಲ್ಲಿ ಮಗ್ಗದ ಕೆಲಸಕ್ಕೆ ಸೇರಿದ್ದರು. ಬೆಳಗ್ಗೆ ನಮ್ಮನ್ನು ಎಬ್ಬಿಸುತ್ತಿದ್ದುದು ಗಿರಣಿಯ ಕೂಗು. ಅಪ್ಪ ಮನೆಗೆ ಬಂದರೆ ತಲೆಗೂದಲ ತುಂಬ ಬಿಳಿ ಹತ್ತಿಯ ಎಳೆಗಳಿರುತ್ತಿದ್ದವು. ಓಣಿಯ ಆ ತುದಿಯಲ್ಲಿ ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುವ ಸದ್ದು, ಹೊಟ್ಟಿನ ಹೊಗೆ, ಅದರ ಜೊತೆಗೆ ಮೆಣಸಿನಕಾಯಿ ಬೋಂಡಾ ಕರಿಯುವ ವಾಸನೆ. ಹಸಿವಿಲ್ಲದವನಿಗೂ ಅಲ್ಲಿ ಹಸಿವಾಗುತ್ತಿತ್ತು.

ಭಟ್ಟಿಯ ಎದುರಿಗೇ ನಮ್ಮ ಶಾಲೆ. ಅದರ ಬೀದಿ ಕಡೆಯ ಗೋಡೆಗೆ ಒಂದು ಕರಿಹಲಗೆ ಹೊಡೆದಿದ್ದರು. ಮೇಷ್ಟ್ರು ದಿನಾ ಬೆಳಗ್ಗೆ ಪೇಪರ್ ಓದಿ ಮೂರು ಸುದ್ದಿ ಆರಿಸಿ ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಅದನ್ನು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವುದು ನನ್ನ ಕೆಲಸ. ಓಣಿಯಲ್ಲಿ ಪೇಪರ್ ತರಿಸುವವರು ಇಬ್ಬರೋ ಮೂವರೋ ಇದ್ದರು. ಉಳಿದವರಿಗೆಲ್ಲ ಈ ಹಲಗೆಯೇ ಪೇಪರ್. ಗಿರಣಿಗೆ ಹೋಗುವವರು, ಜಟಕಾದವರು, ನೀರಿಗೆ ಬಂದ ಹೆಂಗಸರು ಎಲ್ಲರೂ ನಿಂತು ಓದುತ್ತಿದ್ದರು. ಓದಲು ಬಾರದವರು ಓದಿಸಿಕೊಳ್ಳುತ್ತಿದ್ದರು.

ಆ ದಿನ ಮಳೆಗಾಲದ ಒಂದು ದಿನ. ಪೇಪರ್ ಬಂದಿರಲಿಲ್ಲ. ಮೇಷ್ಟ್ರು, "ಸುಭಾಷಿತ ಒಂದು ಬರ್ದು ಬಿಡಪ್ಪ, ಸುದ್ದಿ ಜಾಗ ಖಾಲಿ ಇರಲಿ" ಎಂದು ಹೇಳಿ ಒಳಗೆ ಹೋದರು. ಇದಕ್ಕಿಂತ ಸರಳವಾಗಿ ಹೇಳಲು ಸಾಧ್ಯವೇ? ಆದರೆ ಖಾಲಿ ಹಲಗೆ ನೋಡಿದರೆ ನನ್ನ ಕೈ ತುರಿಸುತ್ತಿತ್ತು. ಅಷ್ಟರಲ್ಲಿ ಭಟ್ಟಿಯ ಮುಂದೆ ಮಂಡಕ್ಕಿ ತಿನ್ನುತ್ತಿದ್ದ ಒಬ್ಬ ಲಾರಿ ಕ್ಲೀನರ್, "ಹರಿಹರದ ಸೇತುವಿ ಮ್ಯಾಲೆ ಲಾರಿ ಸಾಲುಗಟ್ಟಿ ನಿಂತಾವ್ರಿ. ನಾವೂ ಹೊಳ್ಳಿ ಬಂದ್ವಿ" ಎಂದು ಅಂಗಡಿಯವನಿಗೆ ಹೇಳಿದ. ಅವನು ಹೇಳಿದ್ದು ಅಷ್ಟೇ. ಉಳಿದದ್ದೆಲ್ಲ ನನ್ನ ತಲೆಯೊಳಗೆ ಹುಟ್ಟಿತು. ಮಳೆಗಾಲ, ಸೇತುವೆ, ನಿಂತ ಲಾರಿ. ಅಂದ ಮೇಲೆ ಹೊಳೆ ಬಂದಿರಲೇಬೇಕು. ಯಾಕೆ ನಿಂತಿವೆ ಎಂದು ಅವನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಹತ್ತು ಹೆಜ್ಜೆ ದೂರದಲ್ಲಿದ್ದ. ಕೇಳಲಿಲ್ಲ. ಕೇಳಿದರೆ ಸುದ್ದಿ ಸಣ್ಣದಾಗಿಬಿಡುತ್ತದೆ ಎಂದು ಒಳಗೊಳಗೇ ಗೊತ್ತಿತ್ತೋ ಏನೋ.

"ಹರಿಹರದಲ್ಲಿ ಹೊಳೆ ತುಂಬಿ ದಾರಿ ಬಂದ್" ಎಂದು ಬರೆದೆ. ಅದು ಬೋಳುಬೋಳಾಗಿ ಕಂಡಿತು. ಸರ್ಕಾರದ ನೋಟೀಸುಗಳಲ್ಲಿ ಓದಿದ್ದ ಒಂದು ಮಾತು ನೆನಪಾಗಿ, "ಸಾರ್ವಜನಿಕರು ಪ್ರಯಾಣ ಮಾಡಕೂಡದು" ಎಂದು ಸೇರಿಸಿದೆ. ಕೆಳಗೆ ನೀಲಿ ಸೀಮೆಸುಣ್ಣದಲ್ಲಿ ಅಲೆಗಳನ್ನು ಬಿಡಿಸಿದೆ. ದೂರ ನಿಂತು ನೋಡಿದೆ. ಎಷ್ಟು ಚೆನ್ನಾಗಿತ್ತೆಂದರೆ ನನಗೇ ಒಂದು ಕ್ಷಣ ಭಯವಾಯಿತು.

ಈಗ ಅಕ್ಕನ ವಿಷಯ. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ನಮ್ಮ ಮನೆತನದಲ್ಲಿ ಅಷ್ಟು ಓದಿದ ಹೆಣ್ಣುಮಗಳು ಅವಳೇ ಮೊದಲು. ಹರಿಹರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರ, ಅಂದರೆ ಟೀಚರ್ ಕೆಲಸ ಖಾಲಿ ಇತ್ತು. ಆ ದಿನ ಹನ್ನೊಂದರಿಂದ ಒಂದು ಗಂಟೆಯ ಒಳಗೆ ಖುದ್ದಾಗಿ ಬರಬೇಕೆಂದು ಅವಳಿಗೆ ಕಾಗದ ಬಂದಿತ್ತು. ಅಪ್ಪನಿಗೆ ಅಷ್ಟು ಮನಸ್ಸಿರಲಿಲ್ಲ. ಅಕ್ಕ ಎರಡು ವಾರ ಕಾಡಿ ಒಪ್ಪಿಸಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಬರೆಯುವಾಗ ಮಾತ್ರ ನೆನಪಾಗಲಿಲ್ಲ. ಹರಿಹರ ಎಂಬುದು ನನಗೆ ಹಲಗೆಯ ಮೇಲಿನ ನಾಲ್ಕು ಅಕ್ಷರವಾಗಿತ್ತು, ಅಷ್ಟೇ.

ಬರೆದು ಮುಗಿಸಿ, ಶಾಲೆಯ ಗಂಟೆಗೆ ಮುಂಚೆ ಬೆಳಗಿನ ಊಟಕ್ಕೆಂದು ಮನೆಗೆ ಬಂದರೆ ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು, ಸರ್ಟಿಫಿಕೇಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಕ್ಕನ ಜೊತೆ ಹೋಗಲು ಗಿರಣಿಗೆ ರಜೆ ಹಾಕಿದ್ದ ಅಪ್ಪ ಹೊರಗಿನಿಂದ ಬಂದವರು ರುಮಾಲು ತೆಗೆದು ಗೂಟಕ್ಕೆ ಹಾಕಿದರು. "ಇವತ್ತು ಹೋಗಾದು ಬ್ಯಾಡವ್ವ. ಹೊಳಿ ಬಂದೈತಂತೆ. ಹಲಗಿ ಮ್ಯಾಲೆ ಬರ್ದಾರೆ" ಅಂದರು. ಅವರ ದನಿಯಲ್ಲಿ ಸ್ವಲ್ಪ ನೆಮ್ಮದಿಯೂ ಇತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಅಕ್ಕ ಬಿಡಲಿಲ್ಲ. "ಅಪ್ಪ, ಸೇತುವಿ ಎಲ್ಲೈತೆ? ಹರಿಹರ ದಾಟಿದ ಮ್ಯಾಲೆ. ನಾವು ಹೋಗೋದು ಹರಿಹರದ ಈಚಿ ದಂಡಿಗೆ. ಸೇತುವಿ ಮುಳುಗಿದ್ರೂ ನಮಗೇನು?"

ಅಪ್ಪ ಆ ದಾರಿಯಲ್ಲಿ ನೂರು ಸಲ ಗಾಡಿ ಹೊಡೆದವರು. ಹೊಳೆ ಊರಿನ ಆಚೆಗಿದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ, "ಬರ್ದೋರಿಗೆ ಅಷ್ಟು ಗೊತ್ತಿರಲ್ಲೇನು?" ಅಂದರು.

ಬರೆದವನು ಮೂಲೆಯಲ್ಲಿ ರೊಟ್ಟಿ ಮುಂದಿಟ್ಟುಕೊಂಡು ಕೂತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ. ಕೊನೆಗೆ ಅವನು, ಅಂದರೆ ನಾನು, ಬಾಯಿಬಿಟ್ಟೆ. "ಅಪ್ಪ, ಅದು ನಾನೇ ಬರ್ದಿದ್ದು."

"ನಿನ್ನ ಅಕ್ಷರ ನನಗೆ ಗೊತ್ತಾಗಲ್ಲೇನು? ಮೇಷ್ಟ್ರು ಹೇಳಿದ್ದನ್ನ ಬರ್ದಿ."

"ಮೇಷ್ಟ್ರು ಹೇಳಲಿಲ್ಲ."

"ಮೇಷ್ಟ್ರು ಹೇಳದ್ದು ಹಲಗಿ ಮ್ಯಾಲೆ ಹೆಂಗೆ ಬರ್ತತಿ? ಸುಮ್ನೆ ಉಣ್ಣು."

ಇದಕ್ಕೆ ಏನು ಹೇಳುತ್ತೀರಿ? ಸುಳ್ಳು ಹೇಳಿದಾಗ ಊರೆಲ್ಲ ನಂಬಿತು. ನಿಜ ಹೇಳಿದರೆ ಸ್ವಂತ ಅಪ್ಪ ನಂಬುವುದಿಲ್ಲ. ಅಷ್ಟರಲ್ಲಿ ಬಾತಿಯಿಂದ ಹಾಲು ತರುವವನು ಬಂದ. ಅಕ್ಕ ಅವನನ್ನು ಹಿಡಿದು ಕೇಳಿದಳು. "ಬೆಳಿಗ್ಗೆ ಬಾತಿಯಿಂದ ಬಂದ್ಯಲ್ಲಣ್ಣ, ದಾರಿ ಹೆಂಗೈತೆ?" "ದಾರಿಗೇನು ಧಾಡಿ, ನೆಟ್ಟಗೈತೆ" ಅಂದ ಅವನು. ಅಕ್ಕನ ಮುಖ ಅರಳಿತು. ಅಪ್ಪ ಹಲಗೆಯ ಸುದ್ದಿ ಹೇಳಿದರು. ಅವನು ಗಲ್ಲ ಕೆರೆದುಕೊಂಡು, "ಹಂಗಾದ್ರ ನಾನು ಬಂದ ಮ್ಯಾಲೆ ಬಂದಿರಬೇಕು ಬಿಡ್ರಿ" ಅಂದುಬಿಟ್ಟ. ತನ್ನ ಕಾಲಲ್ಲಿ ನಡೆದು ಬಂದ ದಾರಿಯನ್ನು ನಂಬದೆ ನನ್ನ ನೀಲಿ ಅಲೆಗಳನ್ನು ನಂಬಿದ. ಅವನ ಹಿಂದೆಯೇ ಪಕ್ಕದ ಮನೆಯಾಕೆ ಬಂದು, ಎರಡು ಎತ್ತಿನಗಾಡಿ ಕೊಚ್ಚಿಕೊಂಡು ಹೋದವೆಂದು ಹೇಳಿದರು. ನಾನು ಗಾಡಿಯ ಸುದ್ದಿ ಬರೆದೇ ಇರಲಿಲ್ಲ. ಆದರೂ, ನಿಜ ಹೇಳುತ್ತೇನೆ, ಆ ಎತ್ತುಗಳನ್ನು ನೆನೆದು ನನಗೂ ಅಯ್ಯೋ ಪಾಪ ಅನ್ನಿಸಿತು.

"ಎತ್ತು ಈಯ್ತು ಅಂದ್ರ ಕೊಟ್ಟಿಗ್ಯಾಗೆ ಕಟ್ಟು ಅಂದ್ರಂತೆ" ಎಂದು ಅಕ್ಕ ಸಿಡುಕಿ, ಚಪ್ಪಲಿ ಮೆಟ್ಟಿ ಬೀದಿಗಿಳಿದೇಬಿಟ್ಟಳು. ಒಬ್ಬಳನ್ನೇ ಕಳಿಸಲಾದೀತೇ? ಅಪ್ಪ ರುಮಾಲು ಸುತ್ತಿಕೊಂಡು ಹೊರಟರು. ಮನೆಯಲ್ಲಿರಲು ಆಗದೆ ನಾನೂ ಹಿಂದೆ ಓಡಿದೆ.

ಬಸ್ ಸ್ಟ್ಯಾಂಡಿನಲ್ಲಿ ಹರಿಹರದ ಬಸ್ಸು ಖಾಲಿ ನಿಂತಿತ್ತು. ಆಗೆಲ್ಲ ಖಾಸಗಿ ಬಸ್ಸುಗಳು. ಜನ ತುಂಬದೆ ಹೊರಡುತ್ತಿರಲಿಲ್ಲ. ಕಂಡಕ್ಟರ್ ಬಾನೆಟ್ಟಿಗೆ ಒರಗಿ ಬೀಡಿ ಸೇದುತ್ತಿದ್ದ. "ನಾವು ಬಿಡಾಕ ತಯಾರದೀವಿ, ಹತ್ತೋರು ಎಲ್ಲದಾರೆ? ಯಾವನೋ ಹಲಗಿ ಮ್ಯಾಲೆ ಬರ್ದಾನಂತೆ" ಎಂದು ಗೊಣಗಿದ. ನಾನು ಅಪ್ಪನ ಹಿಂದೆ ಸರಿದುಕೊಂಡೆ. ಹರಿಹರಕ್ಕೆ ಹೋಗುವ ಜನ ಅಲ್ಲೇ ಇದ್ದರು, ಮರದ ಕೆಳಗೆ, ಗಂಟುಮೂಟೆ ಇಟ್ಟುಕೊಂಡು. ಆದರೆ ಯಾರೂ ಬಸ್ಸು ಹತ್ತುತ್ತಿರಲಿಲ್ಲ. ನೀರು ಇಳಿಯಲೆಂದು ಕಾಯುತ್ತಿದ್ದರು.

ಅಕ್ಕ ಅವರ ನಡುವೆ ಹೋಗಿ ನಿಂತಳು. "ನೀರು ಕಂಡೋರು ಯಾರ್ರಿ?" ಎಂದು ಕೇಳಿದಳು. ಒಬ್ಬ ಪಕ್ಕದವನನ್ನು ತೋರಿಸಿದ. ಪಕ್ಕದವನು ತನ್ನ ಭಾವನನ್ನು ತೋರಿಸಿದ. ಭಾವ ಒಬ್ಬ ಮುದುಕಿಯಿಂದ ಕೇಳಿದ್ದ. ಮುದುಕಿ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, "ನನಗೇನು ಗೊತ್ತವ್ವ, ಸಾಲಿ ಗ್ವಾಡಿ ಮ್ಯಾಲೆ ಬರ್ದೈತಂತೆ" ಅಂದಳು. ಯಾವ ದಾರಿ ಹಿಡಿದು ಹೋದರೂ ಕೊನೆಗೆ ನನ್ನ ಹತ್ತಿರವೇ ಬರುತ್ತಿತ್ತು. ಅಕ್ಕ ಪ್ರತಿಯೊಬ್ಬರಿಗೂ ಸೇತುವೆ ಊರಿನ ಆಚೆಗಿದೆ ಎಂದು ಬಿಡಿಸಿ ಹೇಳಿದಳು. ಅವರು ತಲೆಯಾಡಿಸಿದರು, ಆಕಾಶ ನೋಡಿದರು, ಮತ್ತೆ ಕೂತರು. ಕೊನೆಗೆ ಅವಳು ತಾನೇ ಮೊದಲು ಬಸ್ಸು ಹತ್ತಿ ಕೂತಳು. ಅವಳನ್ನು ನೋಡಿ ಉಳಿದವರು ಒಬ್ಬೊಬ್ಬರಾಗಿ ಹತ್ತಿ, ಬಸ್ಸು ಹೊರಡುವಷ್ಟರಲ್ಲಿ ಗಿರಣಿಯ ಮಧ್ಯಾಹ್ನದ ಕೂಗು ಕೇಳಿಯಾಗಿತ್ತು.

ಬಾತಿಯ ಕೆರೆ ಬಂತು. ಜೋಳದ ಹೊಲಗಳು ಬಂದವು. ರಸ್ತೆಯಲ್ಲಿ ಒಂದು ಮೇಕೆ ಅಡ್ಡ ಬಂದದ್ದು ಬಿಟ್ಟರೆ ಯಾವ ಅಡ್ಡಿಯೂ ಇರಲಿಲ್ಲ. ಅಕ್ಕ ಕಿಟಕಿಯ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ. ಆ ಶಾಲೆಯನ್ನು ನಾವು ಮುಟ್ಟಿದಾಗ ಎರಡು ಗಂಟೆಯಾಗಿತ್ತು. ಜವಾನ ಬೆಂಚುಗಳನ್ನು ಒಳಗೆ ಎಳೆಯುತ್ತಿದ್ದ. "ಮುಗೀತು ತಾಯಿ. ಬ್ಯಾರೆಯೋರನ್ನ ತಗೊಂಡ್ರು" ಅಂದ. ಅಕ್ಕ ಕೈಯಲ್ಲಿದ್ದ ಕಾಗದವನ್ನು ಅವನಿಗೆ ತೋರಿಸಿದಳು. ಅವನು ಓದಿ, ಮಡಿಚಿ, ಮರ್ಯಾದೆಯಿಂದ ವಾಪಸ್ ಕೊಟ್ಟ.

ಅಪ್ಪ ಮನೆಗೆ ಹೋಗೋಣ ಅಂದರು. ಅಕ್ಕ ನನ್ನ ರೆಟ್ಟೆ ಹಿಡಿದು ಹೊಳೆಯ ಕಡೆ ನಡೆಸಿಕೊಂಡು ಹೋದಳು. ಅಪ್ಪನೂ ಹಿಂದೆ ಬಂದರು. ಸೇತುವೆ ಮೇಲೆ ಜನ, ಎಮ್ಮೆ, ಸೈಕಲ್ಲು ಎಲ್ಲ ಆರಾಮವಾಗಿ ಓಡಾಡುತ್ತಿದ್ದವು. ತುಂಗಭದ್ರೆ ಕೆಂಪಗೆ ಹರಿಯುತ್ತಿದ್ದಳು, ಆದರೆ ಎಷ್ಟೋ ಕೆಳಗೆ. ಬೆಳಗ್ಗೆ ಸೇತುವೆಯ ನಡುವೆ ಒಂದು ಲಾರಿಯ ಅಚ್ಚು ಮುರಿದಿತ್ತಂತೆ, ಎರಡು ಗಂಟೆ ಹೊತ್ತು ಹಿಂದಿನ ಗಾಡಿಗಳೆಲ್ಲ ನಿಂತಿದ್ದವಂತೆ. ಅಲ್ಲೇ ಇದ್ದ ಮೀನುಗಾರ ಹೇಳಿದ. ಕೇಳಿದವಳು ಅಕ್ಕ, ಹೇಳಿದವನು ಕಣ್ಣಾರೆ ಕಂಡವನು. "ಈಗ ಬರಿ" ಅಂದಳು ಅಕ್ಕ ನನಗೆ. ಬೈಯಲಿಲ್ಲ, ಹೊಡೆಯಲಿಲ್ಲ. ಎರಡೇಟು ಹಾಕಿದ್ದರೆ ಒಳ್ಳೆಯದಿತ್ತು. ನಾನು ಅಲ್ಲೇ ಕಟ್ಟೆಗೆ ಮುಖ ಒತ್ತಿ ಅತ್ತೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮರುದಿನ ಮೇಷ್ಟ್ರಿಗೆ ಎಲ್ಲ ಹೇಳಿ, ಬೆತ್ತದ ರುಚಿ ನೋಡಿ, ಅವರ ಒಪ್ಪಿಗೆ ಪಡೆದು ಹಲಗೆಯ ಮೇಲೆ ಬರೆದೆ: "ಹರಿಹರದ ದಾರಿ ಬಂದ್ ಆಗಿರಲಿಲ್ಲ. ಹೊಳೆ ಬಂದಿರಲಿಲ್ಲ. ನಿನ್ನೆ ಬರೆದದ್ದು ತಪ್ಪು." ಅಲೆ ಬಿಡಿಸಲಿಲ್ಲ. ಜನ ಬಂದರು, ನಿಂತು ಓದಿದರು, ಒಬ್ಬರಿಗೊಬ್ಬರು ಹೇಳಿಕೊಂಡರು: "ದಾರಿ ಬಿಟ್ಟಾರಂತೆ. ನೀರು ಇಳಿದೈತಂತೆ." ನಾನು ಬಾಗಿಲಲ್ಲಿ ನಿಂತು, ಇಳಿದಿಲ್ಲ, ಬಂದೇ ಇರಲಿಲ್ಲ ಎಂದು ಕೂಗಿದೆ. ಯಾರು ಕೇಳಬೇಕು? ಸಂಜೆ ಅಪ್ಪನೂ ಬಂದು ಅದನ್ನೇ ಹೇಳಿದರು. ಸೇತುವೆ ಮೇಲೆ ನನ್ನ ಜೊತೆ ನಿಂತು ನೋಡಿದ ಅಪ್ಪ. ನಾನು ತಲೆ ತಲೆ ಚಚ್ಚಿಕೊಂಡೆ.

ಅಕ್ಕನಿಗೆ ಮತ್ತೆ ಯಾವ ಶಾಲೆಯಿಂದಲೂ ಕಾಗದ ಬರಲಿಲ್ಲ. ಆ ವರ್ಷವೇ ಮದುವೆಯಾಯಿತು. ಈಗ ನಿಜಲಿಂಗಪ್ಪ ಬಡಾವಣೆಯಲ್ಲಿರುವ, ನೀವು ಏನು ಹೇಳಿದರೂ "ಕಂಡೋರು ಯಾರು?" ಎಂದು ಕೇಳುವ, ನೀವು ಬೆನ್ನ ಹಿಂದೆ ಪೊಲೀಸಜ್ಜಿ ಎಂದು ನಗುವ ನಿಮ್ಮ ದೊಡ್ಡಜ್ಜಿಯೇ ಆ ಅಕ್ಕ. ಆ ಪ್ರಶ್ನೆ ಅವಳಿಗೆ ಸುಮ್ಮನೆ ಬಂದದ್ದಲ್ಲ.

ಹೋದ ವಾರ ನಿಮ್ಮಲ್ಲೊಬ್ಬರ ಫೋನಿಗೆ ನಾಳೆ ಶಾಲೆಗೆ ರಜೆ ಎಂದು ಬಂತು. ಯಾರು ಬರೆದರೆಂದು ಗೊತ್ತಿಲ್ಲ. ಕ್ಷಣಮಾತ್ರದಲ್ಲಿ ಅದನ್ನು ತರಗತಿಗೆಲ್ಲ ಕಳಿಸಿದಿರಿ. ವಿದ್ಯಾನಗರದ ಅರ್ಧ ಮಕ್ಕಳು ಪರೀಕ್ಷೆ ತಪ್ಪಿಸಿಕೊಂಡರು. ಕೇಳಿದರೆ, "ನಾನು ಬರ್ದಿಲ್ಲ ತಾತ, ಕಳಿಸಿದ್ದಷ್ಟೇ" ಅಂದಿರಿ. ನನ್ನದು ಒಂದು ಓಣಿಯ ಒಂದು ಹಲಗೆ. ಮಳೆ ಬಿದ್ದರೆ ತೊಳೆದು ಹೋಗುತ್ತಿತ್ತು. ಹರಿಹರದಲ್ಲಿ ಹೊಳೆ ಬಂತೋ ಇಲ್ಲವೋ ಎಂದು ಕೇಳಲು ನಮಗೆ ಬಸ್ಸು ಹತ್ತಬೇಕಿತ್ತು. ನೀವು ಕೂತಲ್ಲಿಂದಲೇ ಶಾಲೆಗೆ ಫೋನ್ ಮಾಡಿ ಕೇಳಬಹುದಿತ್ತು. ಅದೇ ಫೋನು ಕೈಯಲ್ಲೇ ಇತ್ತಲ್ಲ ಎಂದು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇಷ್ಟು ಬರೆದು ನಿನ್ನೆ ಅಕ್ಕನ ಮನೆಗೆ ಹೋಗಿ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಕೊನೆಗೆ, "ಆ ಸಾಲಿ ಮುಟ್ಟಿದಾಗ ಎರಡು ಗಂಟಿ ಅಂತ ಯಾಕ ಬರ್ದಿ?" ಅಂದಳು.

"ನನಗೆ ಹಂಗೇ ನೆನಪೈತಕ್ಕ. ಬಾಳ ತಡ ಆಗಿತ್ತಲ್ಲ."

"ನಿನ್ನ ಕೈಯಾಗ ಗಡಿಯಾರ ಇತ್ತೇನು? ಆ ಸಾಲಿ ಗ್ವಾಡಿ ಮ್ಯಾಲೆ ಇತ್ತು. ನಾನು ನೋಡೀನಿ. ಒಂದು ಗಂಟಿ ಹತ್ತು ನಿಮಿಷ."

ಎರಡು ಗಂಟೆ ಎಂದುಕೊಂಡು ನಾನು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಅಷ್ಟು ತಡವಾದ ಮೇಲೆ ಏನು ಮಾಡಿದ್ದರೂ ಅಷ್ಟೇ ಅಂತ. ಒಂದು ಗಂಟೆಯ ಗಡುವು ತಪ್ಪಿದ ಆ ಹತ್ತು ನಿಮಿಷವನ್ನು ಅಕ್ಕ ಒಬ್ಬಳೇ ಇಟ್ಟುಕೊಂಡಿದ್ದಳು. ಮೇಲೆ ಬರೆದದ್ದನ್ನು ನಾನು ಅಳಿಸಿಲ್ಲ, ನೀವು ಹೋಗಿ ನೋಡಬಹುದು. ಅದು ತಪ್ಪು. ನಾವು ಆ ಶಾಲೆಯನ್ನು ಮುಟ್ಟಿದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ. ಕಂಡವಳು ಅಕ್ಕ.