ಆರತಿ ನೀರಿನ ಬಣ್ಣದ ಸಾಬೂನು

ಮಾಂಜ್ರಾ ನದಿಯ ಪಾತ್ರದಲ್ಲಿ ನೀರಿನ ಬದಲು ಮೋಟಾರ್ ಸೈಕಲ್ಲುಗಳು ಓಡಾಡಿದ ವರ್ಷ ಅದು. ಔರಾದ ಕಡೆಯ ಕುರಿಯವರಲ್ಲಿ ಕೆಲವರು ಹಿಂಡು ಹೊಡೆದುಕೊಂಡು ತೆಲಂಗಾಣಕ್ಕೆ ಇಳಿದರು, ಕೆಲವರು ಹಿಂಡು ಮಾರಿ ಪುಣೆಯ ಗಾಡಿ ಹತ್ತಿದರು. ಹಣಮಂತಪ್ಪನೂ ಅವನ ಹೆಂಡತಿ ಹೀರಾಬಾಯಿಯೂ ಅಷ್ಟು ದೂರ ಹೋಗಲೊಲ್ಲದೆ ಹಿಂಡು ಮಾರಿ ಬೀದರಿನ ನೌಬಾದದಲ್ಲಿ ಎರಡು ಖೋಲಿಯ ಮನೆ ಹಿಡಿದರು. ಅವನಿಗೆ ಪಕ್ಕದ ಕೊಳಾರದ ಒಂದು ಗೋದಾಮಿನಲ್ಲಿ ಕಾವಲು ಕೆಲಸ ಸಿಕ್ಕಿತು. ಅವಳಿಗೆ ಏನೂ ಸಿಗಲಿಲ್ಲ. ನಸುಕಿನಲ್ಲಿ ಎದ್ದು ಹಾಲು ಹಿಂಡಿ, ಮರಿ ಬಿಟ್ಟು, ಹಟ್ಟಿ ಗುಡಿಸಿ ರೂಢಿಯಾದ ಕೈ. ಸುಮ್ಮನೆ ಕೂತರೆ ಆ ಕೈಗೆ ಜ್ವರ ಬರುತ್ತಿತ್ತು.

ಸಾಬೂನು ಮಾಡುವ ಹುಚ್ಚು ಹತ್ತಿದ್ದು ನೀರಿನ ದೆಸೆಯಿಂದ. ಓಣಿಯ ಬೋರಿನಲ್ಲಿ ಉಳಿದದ್ದು ತಳದ ಸವಳು ನೀರು. ಅಂಗಡಿಯ ಸಾಬೂನನ್ನು ಎಷ್ಟು ತಿಕ್ಕಿದರೂ ನೊರೆ ಬಾರದು, ಮೈಮೇಲೆ ಬಿಳಿ ಜಿಡ್ಡು ಕೂರುತ್ತಿತ್ತು. ತಲೆಗೂದಲು ಕತ್ತದ ಹಗ್ಗದಂತೆ ಆಗಿತ್ತು. ಕೊಬ್ಬರಿ ಎಣ್ಣೆ ಹೆಚ್ಚು ಹಾಕಿದ ಸಾಬೂನು ಎಂಥ ನೀರಿಗೂ ನೊರೆ ಕೊಡುತ್ತದೆಂದು ಗಂಡನ ಫೋನಿನಲ್ಲಿ ಯಾರೋ ಹೆಂಗಸು ಹಿಂದಿಯಲ್ಲಿ ಹೇಳುತ್ತಿದ್ದಳು. ಹೀರಾಬಾಯಿ ಅದನ್ನು ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡಿ, ಒಂದು ದಿನ ಸೆರಗು ಕಟ್ಟಿ ಕುಳಿತಳು.

ಮಗ್ಗುಲ ಮನೆಯ ಮರಿಯಮಬೀ ಗೋಡೆಯ ಮೇಲಿಂದ ಇಣುಕಿದಳು.

"ಅಗಾ ಹೀರಾಬಾಯಿ, ಕುಡ್ಯಾಕ ನೀರಿಲ್ಲ, ನೀ ಸಾಬೂನ ಮಾಡ್ಲಾತಿ! ಹಲ್ಲಿಲ್ಲದಾಕಿ ಫುಟಾಣಿ ಹುರದಂಗ ಆಯ್ತು."

"ಹಲ್ಲಿದ್ದವ್ರು ತಿಂತಾರ ಬಿಡು. ನಿನಗೊಂದು ಕೊಡ್ತೇನಿ. ಮೊದ್ಲ ಮೈ ತೊಳಕೋ, ಆಮ್ಯಾಲ ನಗು."

ಮೊದಲ ಸಲ ಮಾಡಿದ್ದು ಬಿಸಿಲಿಗೆ ಸಿಕ್ಕ ಎರೆಹೊಲದಂತೆ ಬಿರಿಯಿತು. ಎರಡನೆಯದು ಉಪ್ಪಿಟ್ಟಾಯಿತು. ಎಣ್ಣೆಯನ್ನು ಸಾಬೂನಾಗಿಸುವ ಕಾಸ್ಟಿಕ್ ಪುಡಿ ಎಂದರೆ ಹುಡುಗಾಟವಲ್ಲ, ತೂಕ ತಪ್ಪಿದರೆ ಚರ್ಮ ಸುಡುತ್ತದೆ. ಆದ್ದರಿಂದ ಬಂಗಾರದವರು ಇಟ್ಟುಕೊಳ್ಳುವಂಥ ಸಣ್ಣ ತಕ್ಕಡಿಯೊಂದನ್ನು ತರಿಸಿಕೊಂಡಳು. ಮೂರನೆಯ ಸಲ ಹದ ಕೈಗೆ ಸಿಕ್ಕಿತು. ಕೊಬ್ಬರಿ ಎಣ್ಣೆ, ಒಂದಿಷ್ಟು ಕುಸುಬಿ ಎಣ್ಣೆ, ಉಳಿಸಿಕೊಂಡಿದ್ದ ಒಂದೇ ಆಡಿನ ಹಾಲು. ಕಾಸ್ಟಿಕ್ ನೀರು ಬಿದ್ದ ಎಣ್ಣೆಯನ್ನು ಕಡಗೋಲಿನಿಂದ ಕಡೆಯುತ್ತ ಹೋದರೆ ಅದು ಜೋಳದ ಅಂಬಲಿಯಷ್ಟು ಗಟ್ಟಿಯಾಗುತ್ತದೆ. ಆಗ ಅರ್ಧ ತೆಗೆದು ಅದಕ್ಕೆ ಜರಡಿ ಹಿಡಿದ ಬೀದರಿನ ಕೆಮ್ಮಣ್ಣು ಕಲಸುವುದು. ಬಿಳಿಯದೊಂದು ಸೌಟು, ಕೆಂಪಿನದೊಂದು ಸೌಟು ಎಂದು ಹಣ್ಣಿನ ಪೆಟ್ಟಿಗೆಯೊಳಗೆ ಹೊಯ್ಯುವುದು. ಛತ್ರಿಯ ಕಡ್ಡಿ ಇಳಿಬಿಟ್ಟು ನಿಧಾನ ಸುಳಿ ಎಳೆಯುವುದು. ಛತ್ರಿಗೆ ಆ ವರ್ಷ ಬೇರೆ ಕೆಲಸವೂ ಇರಲಿಲ್ಲ. ಮರುದಿನ ತಂತಿಯಿಂದ ಕೊಯ್ದರೆ ಒಂದೊಂದು ತುಂಡಿನಲ್ಲೂ ಒಂದೊಂದು ಸುಳಿ. ಒಂದರಂತೆ ಒಂದಿಲ್ಲ.

ಐದು ವಾರ ಒಣಗಿಸಿದ ಮೇಲೆ ಮರಿಯಮಬೀ ಮೈ ತೊಳೆದುಕೊಂಡಳು. ಆಮೇಲೆ ನಗಲಿಲ್ಲ, ಇನ್ನೊಂದು ಕೇಳಿದಳು.

ಫೋಟೋ ತೆಗೆಯುವುದು ಹಣಮಂತಪ್ಪನ ಪಾಲಿಗೆ ಬಂತು. ಕುರಿ ಮಾರುವ ದಿನಗಳಲ್ಲಿ ಹೈದರಾಬಾದಿನ ವ್ಯಾಪಾರಿಗಳು ಮೊದಲು ಫೋಟೋ, ಆಮೇಲೆ ಮಾತು ಎನ್ನುತ್ತಿದ್ದರು. ಟಗರುಗಳನ್ನು ನಿಲ್ಲಿಸಿ ನಿಲ್ಲಿಸಿ ಅವನ ಕೈ ಪಳಗಿತ್ತು. ಬಿಸಿಲು ಓರೆಯಾಗಿರಬೇಕು, ಮುಖ ಬೆಳಕಿಗಿರಬೇಕು, ಬೆನ್ನು ನೇರ ಕಾಣಬೇಕು. ಸಾಬೂನಿಗೂ ಅದೇ ಶಾಸ್ತ್ರ. ಮಾಳಿಗೆಯ ಮೆಟ್ಟಿಲ ಮೇಲೆ ಕರಿಕಂಬಳಿ ಹಾಸಿ, ಅದರ ಮೇಲೆ ಸಾಬೂನು ನಿಲ್ಲಿಸಿ, ನೆರಳಿನ ಕಡೆಗೆ ಬೆಳಕು ತಿರುಗಿಸಲು ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಹೆಂಡತಿಯ ಕೈಗೆ ಕೊಟ್ಟು, ತಾನು ಮೊಣಕಾಲೂರುತ್ತಿದ್ದ.

"ಅಲ್ಲಾಡಬ್ಯಾಡ" ಎಂದ ಒಮ್ಮೆ, ಸಾಬೂನಿಗೆ.

"ಅದು ಟಗರಲ್ಲರಿ, ಅಲ್ಲಾಡೂದಿಲ್ಲ. ನಿಮ್ಮ ಕೈನ ನಡುಗ್ಲಾತದ."

"ನೀ ಮುಚ್ಚಳ ನೆಟ್ಟಗ ಹಿಡಿ. ಹಲ್ಲು ಕಾಣ್ಬೇಕು."

"ಸಾಬೂನಿಗಿ ಹಲ್ಲ್ಯಾಕ್ರಿ?"

"ಸುಳಿ, ಹುಚ್ಚಿ, ಸುಳಿ! ಟಗರಿಗಿ ಹಲ್ಲು, ಸಾಬೂನಿಗಿ ಸುಳಿ. ತಗೊಳ್ಳಾಂವ ನೋಡೂದು ಅದನ್ನ."

ಹೀಗಿರುವಾಗ ಹೀರಾಬಾಯಿಗೆ ಕೆಮ್ಮಣ್ಣು ಬಿಟ್ಟು ಅರಿಷಿಣ ಹಾಕಿ ನೋಡುವ ಮನಸ್ಸಾಯಿತು. ಅರಿಷಿಣ ಬಿದ್ದೊಡನೆ ಪಾತ್ರೆಯೊಳಗಿನದು ಕೆಂಪಗೆ ತಿರುಗಿತು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅರಿಷಿಣದ ನೀರಿಗೆ ಸುಣ್ಣ ಕದಡಿ ಕೆಂಪು ಆರತಿ ಮಾಡುವುದು ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಕಾಸ್ಟಿಕ್ ಎಂದರೆ ಸುಣ್ಣದ ಅಣ್ಣ. ಮರುದಿನ ಕೊಯ್ದಾಗ ಬಿಳಿಯ ನಡುವೆ ಕುಂಕುಮದ ಸುಳಿ ಹರಿದಾಡುತ್ತಿತ್ತು. ಹಣಮಂತಪ್ಪ ಅಂದೇ ಫೋಟೋ ತೆಗೆದ. ಆ ಫೋಟೋ ಭಾಲ್ಕಿ ಮುಟ್ಟಿತು.

ಭಾಲ್ಕಿ ಹೀರಾಬಾಯಿಯ ತವರು. ಅಲ್ಲಿ, ತವರಿನ ಓಣಿಗೇ ಸೊಸೆಯಾಗಿದ್ದ ಅವಳ ಚಿಕ್ಕಪ್ಪನ ಮಗಳು ಸತ್ಯಮ್ಮ ತನ್ನ ಮಗಳ ಮದುವೆ ನಿಶ್ಚಯ ಮಾಡಿದ್ದಳು. ಸಂಜೆಗೇ ಫೋನು ಬಂತು.

"ಅಕ್ಕ, ಈ ಸಲ ಬರ ಅದ, ಕುಬಸದ ಖಣ ಕೊಡೂದು ಬಿಟ್ಟೇವಿ. ಅರಿಷಿಣದ ದಿನ ಬಂದವ್ರಿಗೆಲ್ಲ ಒಂದೊಂದು ನಿನ್ನ ಸಾಬೂನ ಕೊಡ್ತೇವಿ. ಆದ್ರ ಇದೇ ಬಣ್ಣ ಬೇಕು ನೋಡು. ಓಣಿ ತುಂಬ ಫೋಟೋ ತೋರಿಸೇನಿ."

"ಇದೇ ಕೊಡ್ತೇನಿ, ಸತ್ಯಾ. ಐದು ವಾರ ಒಣಗ್ಲಿ."

ಫೋನಿಟ್ಟ ಮೇಲೆ ಹೀರಾಬಾಯಿಗೆ ಕೂತಲ್ಲಿ ಕೂರಲಾಗಲಿಲ್ಲ. ಕುರಿ ಮಾರಿ ಬೀದರಿಗೆ ಬಂದಾಗ ಅದೇ ಓಣಿ ಏನು ಮಾತಾಡಿತ್ತೆಂದು ಅವಳ ಕಿವಿಗೆ ಬಿದ್ದಿತ್ತು. ಹೀರಾ ಹಟ್ಟಿ ಕಳಕೊಂಡಳು, ಹೀರಾ ಕೂಲಿಯಾದಳು. ಈಗ ಆ ಓಣಿಯ ಹೆಂಗಸರೆಲ್ಲ ಒಂದೇ ಅಂಗಳದಲ್ಲಿ ಕೂತು ಅವಳ ಕೈಯ ಕೆಲಸ ನೋಡುವವರಿದ್ದರು. ಅಲ್ಲಿ ತಲೆ ಎತ್ತಿ ನಿಲ್ಲಬೇಕು, ಅಷ್ಟೇ ಅವಳ ಆಸೆ.

ಒಳಖೋಲಿಯಲ್ಲಿ ಬಿದಿರ ಬುಟ್ಟಿಗಳ ಮೇಲೆ ಸಾಬೂನು ಹರವಿ, ದಿನವೂ ಕೂಸಿನ ಮಗ್ಗುಲು ಬದಲಿಸಿದಂತೆ ಒಂದೊಂದನ್ನೂ ಹೊರಳಿಸಿದಳು. ಮದುವೆಗೆ ಹೊರಡುವ ಮುಂಜಾನೆ ಅವನ್ನು ಬಿಸಿಲಿಗೆ ತಂದು ಕಾಗದ ಸುತ್ತುತ್ತ ಕುಳಿತಿದ್ದಾಗ ಹಣಮಂತಪ್ಪ ಸುಮ್ಮನೆ ಫೋನು ತೆಗೆದು ಹಳೆಯ ಫೋಟೋ ನೋಡಿದ. ಫೋಟೋ ನೋಡಿದ, ಸಾಬೂನು ನೋಡಿದ.

"ಏ ಹೀರಾ, ಇವು ನಮ್ಮವೇ ಹೌದಲ್ಲ?"

ಕುಂಕುಮದ ಸುಳಿ ಎಲ್ಲಿಯೂ ಇರಲಿಲ್ಲ. ಸುಳಿಗಳೆಲ್ಲ ಮಾಗಿದ ಮಾವಿನ ಹಣ್ಣಿನ ಹಳದಿ. ದಿನಾ ನೋಡುವ ಕಣ್ಣಿಗೆ ಕೂಸು ಬೆಳೆದದ್ದು ಕಾಣುವುದಿಲ್ಲ. ಐದು ವಾರದಲ್ಲಿ ಎಳೆ ಎಳೆಯಾಗಿ ಬಣ್ಣ ತಿರುಗಿದ್ದು ಹೀರಾಬಾಯಿಗೆ ಗೊತ್ತೇ ಆಗಿರಲಿಲ್ಲ.

"ಹೊಸಾ ಫೋಟೋ ತಗದು ಕಳಿಸ್ತೇನಿ. ಹಳೇದು ಅಳಿಸಿ ಬಿಡ್ತೇನಿ" ಎಂದ ಗಂಡ.

"ನಿಮ್ಮ ಫೋನಿನ್ಯಾಗಿಂದು ಅಳಿಸ್ತೀರಿ. ಓಣಿ ಮಂದಿ ಕಣ್ಣಿನ್ಯಾಗಿಂದು ಯಾರು ಅಳಿಸ್ತಾರ್ರಿ?"

ಬುಟ್ಟಿ ಹೊತ್ತು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹೀರಾಬಾಯಿ ಕಿಟಕಿಯ ಆಚೆ ನೋಡುತ್ತ ಒಂದೇ ಸಮನೆ ಲೆಕ್ಕ ಹಾಕಿದಳು. ಆರತಿ ನೀರು ಕೆಂಪಾಗುತ್ತದೆ, ಸರಿ. ಆದರೆ ಆರತಿ ನೀರನ್ನು ಯಾರಾದರೂ ಐದು ವಾರ ಇಟ್ಟು ನೋಡಿದ್ದಾರೆಯೇ? ಎತ್ತಿದ ಗಳಿಗೆಗೇ ಹೊಸ್ತಿಲಾಚೆ ಚೆಲ್ಲುತ್ತಾರೆ. ಕಾಸ್ಟಿಕ್ಕಿನ ಉರಿ ಇರುವ ತನಕ ಅರಿಷಿಣ ಕೆಂಪು. ಸಾಬೂನು ಮಾಗಿ ಉರಿ ಇಳಿದ ಮೇಲೆ ತನ್ನ ಬಣ್ಣಕ್ಕೆ ತಾನು ಮರಳಿದೆ. ಹಲಬರ್ಗಾ ದಾಟುವುದರೊಳಗೆ ಇಷ್ಟು ಅವಳಿಗೆ ಬಗೆಹರಿಯಿತು. ಆದರೆ ಇದನ್ನು ಮದುವೆ ಮನೆಯಲ್ಲಿ ಯಾರು ನಂಬುತ್ತಾರೆ ಎಂಬುದು ಭಾಲ್ಕಿ ಬಂದರೂ ಬಗೆಹರಿಯಲಿಲ್ಲ.

ಅಂಗಳದಲ್ಲಿ ಹಂದರದ ಕೆಳಗೆ ಹೆಂಗಸರು ಕಿಕ್ಕಿರಿದಿದ್ದರು. ಸತ್ಯಮ್ಮ ಓಡಿ ಬಂದು ಬುಟ್ಟಿ ಇಳಿಸಿಕೊಂಡು, ಒಂದರ ಕಾಗದ ಬಿಚ್ಚಿ, ಹೊರಳಿಸಿ ನೋಡಿದಳು. ಇನ್ನೊಂದು ಬಿಚ್ಚಿದಳು.

"ಅಕ್ಕ, ಇದೇನು? ಫೋಟೋದಾಗ ಒಬ್ಬಾಕಿ, ಮಣಿ ಮ್ಯಾಲ ಕುಂತಾಕಿ ಒಬ್ಬಾಕಿ!"

ಅಂಗಳವೆಲ್ಲ ನಕ್ಕಿತು. ಹೆಣ್ಣು ತೋರಿಸುವಾಗ ತಂಗಿಯನ್ನು ತೋರಿಸಿ ತಾಳಿಗೆ ಅಕ್ಕನನ್ನು ಕೂರಿಸಿದವರಿಗೆ ಆಡುವ ಮಾತದು. ಹಿಂದಿನಿಂದ ಒಬ್ಬಳು, "ಪಟ್ಟಣದಾಗ ಬ್ಯಾರೆ ಏನ್ ಕಲೀತಾರ?" ಎಂದಳು.

"ಅದೇ ಅದ, ಸತ್ಯಾ. ಬ್ಯಾರೇದಲ್ಲ" ಎಂದಳು ಹೀರಾಬಾಯಿ.

"ಮತ್ತ ಕೆಂಪೆಲ್ಲಿ ಹೋಯ್ತು? ಬಸ್ಸಿನ್ಯಾಗ ಬೆವತು ಹೋಯ್ತೇನು?"

ಮತ್ತೆ ನಗೆ. ಹಣಮಂತಪ್ಪ ಗಂಡಸರಿದ್ದ ಕಡೆಗೆ ಮೆಲ್ಲಗೆ ಸರಿದ. ಅಷ್ಟರಲ್ಲಿ ಹೀರಾಬಾಯಿಯ ಕಣ್ಣು ಕಟ್ಟೆಯ ಮೇಲೆ ಎಲೆಡಬ್ಬಿ ತೆರೆದು ಕೂತಿದ್ದ ಗಿರಿಜಾಬಾಯಿಯ ಮೇಲೆ ಬಿತ್ತು. ಮದುಮಗಳ ಅಜ್ಜಿ, ಎಲೆಯ ಬೆನ್ನಿಗೆ ಸುಣ್ಣ ಸವರುತ್ತಿದ್ದಳು.

"ಆಯಿ, ಜರಾ ಸುಣ್ಣ ಕೊಡ್ರಿ."

"ಎಲಿ ಬ್ಯಾಡೇನು? ಬರೀ ಸುಣ್ಣ ತಿಂತೀಯೇನು?"

"ಕೊಡ್ರಿ ಆಯಿ."

ಬೆರಳ ತುದಿಗೆ ಸುಣ್ಣ ತೆಗೆದುಕೊಂಡು, ಅಂಗೈಯಲ್ಲಿ ಹಳದಿ ಸಾಬೂನು ಹಿಡಿದು, ನಾಲ್ಕು ಹನಿ ನೀರು ಚಿಮುಕಿಸಿ, ಸುಳಿಯ ಮೇಲೆ ಒಂದು ಬೊಟ್ಟು ಇಟ್ಟಳು. ಹೆಂಗಸರು ಕತ್ತು ಚಾಚಿದರು. ಬೊಟ್ಟು ಇಟ್ಟ ಜಾಗ ಮೆಲ್ಲಗೆ ಕೆಂಪಾಯಿತು. ತಾಂಬೂಲ ತಿಂದ ತುಟಿಯ ಹಾಗೆ.

"ಅರಿಷಿಣ ಅದ ಇದು. ಬಣ್ಣದ ಪುಡಿ ಅಲ್ಲ. ಎಳೇದಿದ್ದಾಗ ಕೆಂಪಿತ್ತು, ಫೋಟೋ ಆವಾಗ ತಗದೇವಿ. ಮಾಗಿದ ಮ್ಯಾಲ ಹಳದಿ ಆಗೇದ. ಹಿಂಗಾಗ್ತದಂತ ನನಗೂ ಮಾಲೂಮ ಇರ್ಲಿಲ್ಲ. ಫೋಟೋನೂ ಖರೆ, ಇದೂ ಖರೆ."

ಗಿರಿಜಾಬಾಯಿ ಸಾಬೂನು ಕಸಿದುಕೊಂಡು ಮೂಸಿ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಅಲ್ಲಽ ಸತ್ಯಮ್ಮ, ಅರಿಷಿಣದ ಕಾರ್ಯಕ್ಕ ಕೆಂಪ ಬೇಕಂತ ಯಾವ ಊರಾಗ ಕೇಳ್ತಾರ? ಹಳದೀನೇ ಚಂದ. ನೀರ ತರ್ರಿ, ನೊರಿ ನೋಡೋಣು."

ತಂದದ್ದು ಒಂದೇ ತಂಬಿಗೆ, ಅದೂ ಅವರ ಬಾವಿಯ ತಳದ ಸವಳು. ಮುದುಕಿ ಕೈ ಉಜ್ಜಿದಳು. ನೊರೆ ಮುಂಗೈ ತನಕ ಏರಿತು. ಆ ಬೇಸಿಗೆಯಲ್ಲಿ ಅಷ್ಟು ನೊರೆಯನ್ನು ಆ ಅಂಗಳ ಕಂಡಿರಲಿಲ್ಲ. ಅದೇ ತಂಬಿಗೆಯಲ್ಲಿ ತಮ್ಮ ಕೈಯನ್ನೂ ತೊಳೆಯಬೇಕೆಂದು ಹೆಂಗಸರು ಮುಗಿಬಿದ್ದರು. ಪಟ್ಟಣದ ಮಾತಾಡಿದವಳು ಎಲ್ಲರಿಗಿಂತ ಮುಂದೆ.

"ಮೊದ್ಲ ಫೋನ್ ಮಾಡಿ ಹೇಳ್ಬೇಕಿಲ್ಲೇನು ಅಕ್ಕ?" ಎಂದಳು ಸತ್ಯಮ್ಮ, ಇನ್ನೂ ಅರ್ಧ ಮುನಿಸಿನಲ್ಲಿ.

"ಹೇಳಿದ್ರ ಬ್ಯಾಡಂತಿದ್ದಿ."

"ಅಂತಿದ್ದೆ" ಎಂದು ಸತ್ಯಮ್ಮ ನಕ್ಕುಬಿಟ್ಟಳು.

ಸಾಬೂನು ಹಂಚುವಾಗ ಇನ್ನೊಂದು ತಮಾಷೆಯಾಯಿತು. ಪ್ರತಿಯೊಬ್ಬಳೂ ತನ್ನದಕ್ಕೂ ಒಂದು ಬೊಟ್ಟು ಇಡಿಸಿಕೊಂಡೇ ಹೋಗುವೆನೆಂದು ಹಟ ಹಿಡಿದಳು. ಹೀರಾಬಾಯಿ ಸುಣ್ಣದ ಡಬ್ಬಿ ಹಿಡಿದು, ನಾಳೆಗೆ ಈ ಕೆಂಪೂ ಮಾಸುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ ಎಂದು ಒಬ್ಬೊಬ್ಬಳಿಗೂ ಹೇಳಿ ಹೇಳಿ ಬೊಟ್ಟಿಟ್ಟಳು. ಹಂಚುವ ಭರದಲ್ಲಿ ಗಿರಿಜಾಬಾಯಿಯ ಎಲೆಗೇ ಸುಣ್ಣ ಉಳಿಯಲಿಲ್ಲ.

ಡಬ್ಬಿ ಬರಿದಾದಾಗ ಸತ್ಯಮ್ಮ ಅವಳ ರಟ್ಟೆ ಹಿಡಿದು, ಎಲ್ಲ ಹೆಂಗಸರ ನಡುವೆ, ಹಾಸಿದ ಕಂಬಳಿಯ ಮೇಲೆ ಕೂರಿಸಿದಳು. ಎರಡೂ ಕೆನ್ನೆಗೆ ದಪ್ಪಗೆ ಅರಿಷಿಣ ಬಳಿದು, ಉಡಿಗೆ ಜೋಳ, ಕೊಬ್ಬರಿ ಬಟ್ಟಲು ಹಾಕಿದಳು.

"ಅತ್ತ ಇತ್ತ ಹೊಳ್ಳಬ್ಯಾಡ, ಅಕ್ಕ. ಉಡಿ ಚೆಲ್ತದ."

ಹೀರಾಬಾಯಿ ಸೆರಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ತವರಿನ ಓಣಿಯನ್ನೆಲ್ಲ ಎದುರಿಗಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತಳು.