ಬೆಟ್ಟಕ್ಕೆ, ಊರಿಕೇ

ಹೋದ ತಿಂಗಳು ನಾವು ಗಂಡ ಹೆಂಡತಿ ನಂದಿ ಬೆಟ್ಟಕ್ಕೆ ಹೋಗಿ ಎರಡು ರಾತ್ರಿ ಇದ್ದು ಬಂದೆವು. ಇಷ್ಟೇ ವಿಷಯ. ಇದರಲ್ಲಿ ಬರೆಯುವುದಕ್ಕೇನಿದೆ ಎನ್ನುತ್ತೀರಾ? ಹಾಗಾದರೆ ನೀವು ಚಿಕ್ಕಬಳ್ಳಾಪುರದವರಲ್ಲ.

ನಮ್ಮೂರಿನಲ್ಲಿ ಯಾರದಾದರೂ ಮನೆಗೆ ಕಳ್ಳ ನುಗ್ಗಿದರೆ ಎರಡು ದಿನ ಮಾತಾಡುತ್ತಾರೆ. ನಮ್ಮ ಬೆಟ್ಟದ ಪ್ರಯಾಣದ ಬಗ್ಗೆ ಇನ್ನೂ ಮಾತಾಡುತ್ತಿದ್ದಾರೆ. ನೀರಿಗೆ ಹೋದರೆ ಅದೇ, ನಾನು ಪಾಠ ಹೇಳುವ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಅದೇ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅದೇ. ಎಲ್ಲರದೂ ಒಂದೇ ಪ್ರಶ್ನೆ. ಯಾಕೆ ಹೋಗಿದ್ರಿ?

ಓದುಗರೇ, ಆ 'ಯಾಕೆ'ಯ ಮೇಲೆ ನನಗೆ ಸಿಟ್ಟು ಬಂದಿದೆ. ಅದು ಆರುವುದರೊಳಗೆ ಬರೆದುಬಿಡುತ್ತೇನೆ.

ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತರೆ ಬೆಟ್ಟ ಕಾಣುತ್ತದೆ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ನೋಡುತ್ತಿದ್ದೇನೆ. ಈಗ ಮಗಳು ಮಿಡ್ಲ್ ಸ್ಕೂಲಿಗೆ ಹೋಗುತ್ತಾಳೆ, ಮಗ ಅವಳ ಹಿಂದೆಯೇ ಇದ್ದಾನೆ. ಬೆಂಗಳೂರಿನವರು ಕಾರು ಮಾಡಿಕೊಂಡು ಬಂದು ಬೆಟ್ಟ ಹತ್ತುತ್ತಾರೆ. ಹಿಂದೆ ದೊರೆಗಳೂ ದೊರೆಸಾನಿಯರೂ ಬೇಸಿಗೆ ಕಳೆಯುವುದಕ್ಕೆ ಬಂದು ಮೇಲೆಯೇ ಬಿಡಾರ ಹೂಡುತ್ತಿದ್ದರಂತೆ. (ಅವರನ್ನು ಯಾರಾದರೂ ಯಾಕೆ ಎಂದು ಕೇಳಿದ್ದರೇ?) ಕೆಳಗಿರುವ ನಮಗೆ ಮಾತ್ರ ಅದು ಬಟ್ಟೆ ಒಣಗುತ್ತದೋ ಇಲ್ಲವೋ ತಿಳಿಯುವುದಕ್ಕೆ ಇರುವ ಬೆಟ್ಟ. ಅದರ ತಲೆಯ ಮೇಲೆ ಮೋಡ ಕೂತಿದ್ದರೆ ಆ ದಿನ ನಾವು ಹಪ್ಪಳ ಒಣಗಿಸುವುದಿಲ್ಲ.

ದಸರಾ ರಜೆ ಹತ್ತಿರ ಬಂದಾಗ ಒಂದು ಸಂಜೆ ನಮ್ಮವರಿಗೆ ಹೇಳಿದೆ.

"ರೀ, ರಜದಲ್ಲಿ ಬೆಟ್ಟಕ್ಕೆ ಹೋಗಿ ಎರಡು ದಿನ ಇದ್ದು ಬರಣ."

"ಯಾರ್ಯಾರು?"

"ನಾವಿಬ್ರೇ."

ಅವರು ಮೊದಲು ಬಾಗಿಲ ಕಡೆ ನೋಡಿದರು, ಅವರಮ್ಮ ಕೇಳಿಸಿಕೊಂಡರೇನೋ ಎಂದು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ನಕ್ಕರು. ಆ ನಗುವನ್ನೇ ಒಪ್ಪಿಗೆ ಎಂದು ತೆಗೆದುಕೊಂಡೆ.

ಅಲ್ಲಿಂದ ಶುರುವಾಯಿತು ನಮ್ಮ ಪ್ಲಾನು. ಮೇಲಿನ ಬಂಗಲೆಯಲ್ಲಿ ಒಂದು ರೂಮು ಗೊತ್ತು ಮಾಡಿದೆವು. ನಮ್ಮವರು ಒಂದು ಹಳೆಯ ಸ್ವೆಟರ್ ಹುಡುಕಿ ತೆಗೆದರು. ಬೆಳಗ್ಗೆ ಎದ್ದು ಸೂರ್ಯೋದಯ ನೋಡಬೇಕು, ಮಧ್ಯಾಹ್ನ ಮರದ ಕೆಳಗೆ ಮಲಗಬೇಕು, ಯಾರಿಗೂ ಅಡಿಗೆ ಮಾಡಬಾರದು. ಈ ಪ್ರೋಗ್ರಾಂ ಎಲ್ಲ ಹಿತ್ತಲಿನಲ್ಲಿ, ಪಿಸುಮಾತಿನಲ್ಲಿ. ಕದ್ದು ಓಡಿಹೋಗುವವರ ಹಾಗೆ. ತಾಳಿ ಕಟ್ಟಿಸಿಕೊಂಡು ಎರಡು ಮಕ್ಕಳ ತಾಯಿಯಾದ ಮೇಲೆ!

ಹಾಸಿಗೆ ಬಟ್ಟೆ ಸುತ್ತಿ ಕಟ್ಟುವ ಹೋಲ್ಡಾಲ್ ನಮ್ಮಲ್ಲಿರಲಿಲ್ಲ. ಪಕ್ಕದ ಮನೆ ಸಾವಿತ್ರಮ್ಮನನ್ನು ಕೇಳಿದೆ. ಕೊಟ್ಟರು, ಆದರೆ ಕೈಯಿಂದ ಬಿಡಲಿಲ್ಲ.

"ಎಲ್ಲಿಗೆ ಸರೋಜಮ್ಮ?"

"ನಂದಿ ಬೆಟ್ಟಕ್ಕೆ."

"ಹರಕೆನಾ?"

"ಹರಕೆ ಏನಿಲ್ಲ."

"ಹಂಗಾದ್ರೆ ಡಾಕ್ಟ್ರು ಹೇಳಿರ್ಬೇಕು. ಮೊನ್ನೆ ನಿಮ್ಮೆಜಮಾನ್ರು ಕೆಮ್ತಾ ಇದ್ರು. ಎದೆಗೇನಾದ್ರೂ..."

"ಅವರಿಗೇನೂ ಆಗಿಲ್ಲ. ನೀವ್ ಯಾಕೆ ಇಷ್ಟೊಂದು ಕೇಳ್ತಿದೀರಿ?"

"ಅಯ್ಯೋ, ಸುಮ್ನೆ ಕೇಳ್ದೆ ಕಣಮ್ಮ" ಎಂದು ಹೋಲ್ಡಾಲ್ ಬಿಟ್ಟರು.

(ಸಾವಿತ್ರಮ್ಮನಿಗೂ ನಮ್ಮ ಅತ್ತೆಗೂ ಕರಿಬೇವಿನ ಗಿಡದ ದೆಸೆಯಿಂದ ಮಾತಿಲ್ಲ. ಸದ್ಯ, ಅತ್ತೆಯ ಕಿವಿಗೆ ಬೀಳುವುದಿಲ್ಲ, ನನ್ನ ಪುಣ್ಯ ಎಂದುಕೊಂಡೆ. ಪುಣ್ಯವಲ್ಲ ಎಂದು ಆಮೇಲೆ ತಿಳಿಯಿತು.)

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾದ ನಮ್ಮವರು ಲೀವ್ ಕೇಳಿದಾಗ ಶಿರಸ್ತೇದಾರರೂ ಕೇಳಿದರಂತೆ, ಯಾಕಪ್ಪಾ ಎಂದು. "ಮನೇಲಿ ಸ್ವಲ್ಪ ಕೆಲ್ಸ ಇದೆ ಸಾರ್" ಎಂದು ಹೇಳಿ ಬಂದಿದ್ದರು. ನನಗೆ ಬೇಜಾರಾಯಿತು. ಮನೆಗೆಲಸದಿಂದ ಎರಡು ದಿನ ತಪ್ಪಿಸಿಕೊಳ್ಳುವುದಕ್ಕೆ ಮನೆಗೆಲಸವನ್ನೇ ನೆವ ಹೇಳಬೇಕೇ?

ಉಳಿದದ್ದು ಅತ್ತೆ. ಅವರು ಮಕ್ಕಳನ್ನು ನೋಡಿಕೊಂಡರೆ ತಾನೇ ನಾವು ಹೊರಡುವುದು? ನಮ್ಮ ಅತ್ತೆ ಚಿಂತಾಮಣಿ ಕಡೆಯವರು. ನನ್ನ ಜೊತೆ ಕನ್ನಡ, ಮಗನ ಜೊತೆ ತೆಲುಗು, ದೇವರ ಜೊತೆ ಎರಡೂ. ಕಷ್ಟದ ವಿಷಯವಿದ್ದರೆ ನಮ್ಮವರೂ ತೆಲುಗಿನಲ್ಲೇ ಹೇಳುವುದು. ಒಂದು ಮಧ್ಯಾಹ್ನ ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತರು. ನಾನು ಅಡಿಗೆಮನೆಯಲ್ಲಿ ಕಿವಿ ಕೊಟ್ಟು ನಿಂತಿದ್ದೆ.

"ಅಮ್ಮಾ, ಸೆಲವುಲೋ ಮೇಮು ಊರಿಕೇ ಪೋಯೊಸ್ತಾಮು" ಎಂದರು.

ತೆಲುಗು ಬಾರದವರಿಗೆ ಹೇಳುತ್ತೇನೆ. ರಜದಲ್ಲಿ ನಾವು ಸುಮ್ಮನೆ ಹೋಗಿ ಬರುತ್ತೇವೆ ಎಂದರ್ಥ. ಊರಿಕೇ ಎಂದರೆ ಸುಮ್ಮನೆ.

ಅತ್ತೆ ತಲೆಯನ್ನೂ ಎತ್ತಲಿಲ್ಲ. "ಪೋಯಿರಾಂಡಿ ನಾಯನಾ, ಮಂಚಿದೇ" ಎಂದರು. ಹೋಗಿ ಬನ್ನಿ, ಒಳ್ಳೆಯದೇ.

ನನಗೆ ನಂಬಿಕೆಯೇ ಆಗಲಿಲ್ಲ. "ಬೆಟ್ಟ ಅಂತ ಹೇಳಿದ್ರಾ?" ಎಂದು ನಮ್ಮವರನ್ನು ಕೇಳಿದೆ. "ಎಲ್ಲಿಗೆ ಅಂತ ಅಮ್ಮ ಕೇಳ್ಲೇ ಇಲ್ವಲ್ಲ" ಎಂದರು. ಧೈರ್ಯ ಎಂದರೆ ಇದು!

ಮಾರನೆಯ ದಿನದಿಂದ ಅತ್ತೆ ಬಾಣಲೆ ಇಟ್ಟರು. ಚಕ್ಕುಲಿ, ಕೋಡುಬಳೆ, ಹುರಿಹಿಟ್ಟು. ಇಬ್ಬರಿಗೆ ಎರಡು ದಿನಕ್ಕೆ ಡಬ್ಬದ ತುಂಬ ಯಾಕತ್ತೆ ಎಂದರೆ, "ಎಲ್ರೂ ತಿಂತಾರಮ್ಮ" ಎಂದರು. ಬೆಟ್ಟದ ಕೋತಿಗಳನ್ನೂ ಸೇರಿಸಿ ಹೇಳುತ್ತಿದ್ದಾರೆ ಎಂದುಕೊಂಡೆ. ಇಂಥ ಅತ್ತೆಯ ಬಗ್ಗೆ ಎಷ್ಟು ಹೆದರಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಹೊರಡುವ ದಿನ ಬೆಳಗ್ಗೆ ಹೋಲ್ಡಾಲ್ ಕಟ್ಟಿ ಹೊರಗೆ ಬರುತ್ತೇನೆ, ಅತ್ತೆ ಒಳ್ಳೆಯ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಬಟ್ಟೆ ಗಂಟು. ಆ ಕಡೆ ಚಕ್ಕುಲಿ ಡಬ್ಬ. ಮಕ್ಕಳಿಬ್ಬರೂ ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡು, ಹಬ್ಬದ ಬಟ್ಟೆ ಹಾಕಿಕೊಂಡು ನಿಂತಿದ್ದಾರೆ.

"ನಡೀರಿ, ಚಿಂತಾಮಣಿ ಬಸ್ಸು ಹೊರಟೋಗುತ್ತೆ" ಎಂದರು ಅತ್ತೆ.

ಓದುಗರೇ, ತೆಲುಗಿನಲ್ಲಿ ಊರಿಕೇ ಎಂದರೆ ಸುಮ್ಮನೆ. ಊರಿಕಿ ಎಂದರೆ ಊರಿಗೆ. ನಮ್ಮ ಮನೆಯಲ್ಲಿ ಊರು ಎಂದರೆ ಒಂದೇ, ಚಿಂತಾಮಣಿಯ ಆಚೆ ಮುರುಗಮಲ್ಲದ ಹತ್ತಿರ ನಮ್ಮ ಬಾವನವರು ಇರುವ ಹಳ್ಳಿ. ನಮ್ಮವರು ಸುಮ್ಮನೆ ಹೋಗಿ ಬರುತ್ತೇವೆ ಎಂದಿದ್ದನ್ನು ಅತ್ತೆ ಊರಿಗೆ ಹೋಗಿ ಬರುತ್ತೇವೆ ಎಂದು ಕೇಳಿಸಿಕೊಂಡಿದ್ದರು. ಕೊನೆಯ ಅಕ್ಷರವನ್ನು ಹೆದರಿಕೆಯಲ್ಲಿ ನುಂಗಿಕೊಂಡರೆ ಹೀಗೇ ಆಗುವುದು. ಊರಿಗೆ ಎಂದ ಮೇಲೆ ಅವರನ್ನೂ ಮೊಮ್ಮಕ್ಕಳನ್ನೂ ಬಿಟ್ಟು ಹೋಗುವುದುಂಟೇ?

ನಮ್ಮವರು ನನ್ನನ್ನು ನಡುಮನೆಗೆ ಕರೆದರು. "ಈ ಸಲ ಊರಿಗೇ ಹೋಗ್ಬಿಡಣ ಕಣೇ. ಬೆಟ್ಟ ಎಲ್ಲಿಗೋಗುತ್ತೆ?"

ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ನಾವೂ ಎಲ್ಲಿಗೂ ಹೋಗುವುದಿಲ್ಲ. ನನ್ನ ತಕರಾರು ಅದೇ. ಈ ಸಲ ಹೂಂ ಎಂದರೆ ಇನ್ನೊಂದು ಸಲ ಈ ಮಾತು ನನ್ನ ಬಾಯಿಂದ ಬರುವುದಿಲ್ಲ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು. ಅಳು ಬಂತು. ಅದನ್ನು ಹಿಂದಕ್ಕೆ ತಳ್ಳಿ ಸಿಟ್ಟು ಬಂತು. ಜಗಲಿಗೆ ಬಂದೆ.

"ಅತ್ತೆ, ನಾವು ಊರಿಕಿ ಹೋಗ್ತಿಲ್ಲ. ಊರಿಕೇ ಹೋಗ್ತಿದೀವಿ. ನಂದಿ ಬೆಟ್ಟಕ್ಕೆ. ನಾವಿಬ್ರೇ." ಆ 'ಕೇ'ಯನ್ನು ಬೀದಿಯ ಕೊನೆಯವರೆಗೂ ಎಳೆದೆ.

ಅತ್ತೆ ನನ್ನನ್ನೂ ಹೋಲ್ಡಾಲನ್ನೂ ನೋಡಿದರು. "ಎಂದುಕೂ?" ಎಂದರು. ಯಾಕೆ?

"ಊರಿಕೇ ಅಂದ್ನಲ್ಲತ್ತೆ."

"ಹರಕೆ ಏನಾದ್ರೂ ಹೊತ್ಕೊಂಡಿದೀರಾ?"

"ಇಲ್ಲ."

"ಮೈಗೆ ಹುಷಾರಿಲ್ವಾ?"

"ಚೆನ್ನಾಗಿದೀವಿ."

"ಮತ್ತೆ ಇಬ್ರೇ ಹೋಗಿ ಅಲ್ಲೇನ್ ಮಾಡ್ತೀರಿ?"

"ಮಾತಾಡ್ತೀವಿ."

"ಮಾತಾಡಕ್ಕೆ ಮನೇಲಿ ಯಾರು ಬೇಡ ಅಂದ್ರು?"

ಯಾರೂ ಬೇಡ ಎಂದಿಲ್ಲ, ನಿಜ. ಆದರೆ ಮನೆಯಲ್ಲಿ ನಾವು ಏನು ಮಾತಾಡುತ್ತೇವೆ? ಸೀಮೆಎಣ್ಣೆ ಮುಗಿಯಿತು. ರಾಗಿ ಮಿಲ್ಲಿಗೆ ಹೋಗಬೇಕು. ಮಗನಿಗೆ ಮೈ ಬಿಸಿ ಇದೆ. ಇದು ಸಂಸಾರ ನಡೆಸುವ ಮಾತು. ಗಂಡ ಹೆಂಡತಿ ಮಾತಾಡಿದ್ದು ಇದರಲ್ಲಿ ಎಲ್ಲಿದೆ? ಇದನ್ನೆಲ್ಲ ಜಗಲಿಯಲ್ಲಿ ನಿಂತು ಹೇಳಲಾಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅತ್ತೆ ಗಂಟು ಎತ್ತಿಕೊಂಡರು. "ನೀವ್ ಎಲ್ಲಿಗಾದ್ರೂ ಹೋಗಿ. ನಾನು ಮಕ್ಳು ಊರಿಗೆ ಹೋಗ್ತೀವಿ." ಡಬ್ಬವನ್ನು ಮೊಮ್ಮಗಳ ಕೈಗೆ ಕೊಟ್ಟು ಮುಂದೆ ನಡೆದರು. ಕ್ಷಮಿಸಿ ಎಂದು ನಾನು ಹೇಳಲಿಲ್ಲ. ಹೇಳುವಂಥದ್ದೇನು ಮಾಡಿದ್ದೆ?

ಬಸ್ ಸ್ಟ್ಯಾಂಡಿನಲ್ಲಿ ಚಿಂತಾಮಣಿ ಬಸ್ಸು ಒಂದು ಕಡೆ, ಬೆಟ್ಟದ ಕಡೆಯ ಬಸ್ಸು ಇನ್ನೊಂದು ಕಡೆ. ಗಂಟು ಇಟ್ಟು ಅಮ್ಮನನ್ನು ಕೂರಿಸಿ ಬರುತ್ತೇನೆಂದು ನಮ್ಮವರು ಒಳಗೆ ಹೋದರು. ಹೊತ್ತಾಯಿತು. ಡ್ರೈವರ್ ಬಂದು ಕೂತ. ಕಿಟಕಿಯಲ್ಲಿ ಅತ್ತೆಯ ಬಾಯಿ ಆಡುತ್ತಿತ್ತು, ನಮ್ಮವರು ತಲೆ ಬಗ್ಗಿಸಿ ನಿಂತಿದ್ದರು. ಅವರು ಇಳಿಯದಿದ್ದರೆ? ನಾನು ಹೋಲ್ಡಾಲನ್ನು ಹತ್ತಿರಕ್ಕೆ ಎಳೆದುಕೊಂಡೆ. ಒಬ್ಬಳೇ ಹೋಗುವುದು ಎಂದು ತೀರ್ಮಾನ ಮಾಡಿಬಿಟ್ಟೆ. (ಹೌದು, ಒಬ್ಬಳೇ. ಆಗ ಊರು ಏನು ಕೇಳುತ್ತಿತ್ತೋ!)

ಕಂಡಕ್ಟರ್ ಸೀಟಿ ಊದಿದಾಗ ಇಳಿದು ಬಂದರು. ಮುಖ ಕೆಂಪಾಗಿತ್ತು. "ನಡಿ" ಎಂದು ಹೋಲ್ಡಾಲ್ ಎತ್ತಿ ಹೆಗಲಿಗೆ ಹಾಕಿಕೊಂಡರು. ಆ ಒಂದು ಮಾತಿಗೆ ನನಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಬೆಟ್ಟ ಹೇಗಿತ್ತು? ಮೊದಲ ದಿನ ಮಂಜು. ಕೈ ಚಾಚಿದರೆ ಕೈಯೇ ಕಾಣದು. ತಿನ್ನಲು ಚಕ್ಕುಲಿ ಇಲ್ಲ, ನೋಡಲು ನೋಟವಿಲ್ಲ. ಮಾತೂ ಬರಲಿಲ್ಲ. ಸೀಮೆಎಣ್ಣೆ, ರಾಗಿ, ಮಕ್ಕಳು, ಇವು ಮೂರನ್ನೂ ಬಿಟ್ಟು ಏನು ಮಾತಾಡಬೇಕೆಂದು ಇಬ್ಬರಿಗೂ ಮರೆತುಹೋಗಿತ್ತು. ಒಂದೇ ಕಂಬಳಿಯನ್ನು ಇಬ್ಬರೂ ಹೊದ್ದುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆವು.

ಎರಡನೆಯ ದಿನ ಬಿಸಿಲು ಬಂತು. ನಮ್ಮವರು ಬಂಡೆಯ ಮೇಲೆ ಕಾಲು ಚಾಚಿ ಇದ್ದಕ್ಕಿದ್ದಂತೆ ಸಿಳ್ಳೆ ಹಾಕಿದರು. ಬರಿಯ ಸಿಳ್ಳೆಯಲ್ಲ, ಪೂರ್ತಿ ಹಾಡು, ಶ್ರುತಿ ತಪ್ಪದೆ. ನನ್ನ ಗಂಡನಿಗೆ ಸಿಳ್ಳೆ ಹಾಕಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ! "ಮನೇಲಿ ಸಿಳ್ಳೆ ಹಾಕಿದ್ರೆ ಹಾವು ಬರುತ್ತೆ ಅಂತ ಅಮ್ಮ ಬಯ್ತಿದ್ರು. ಚಿಕ್ಕೋನಿದ್ದಾಗ್ಲೇ ಬಿಟ್ಬಿಟ್ಟೆ" ಎಂದರು. ಆಮೇಲೆ ಕೆಳಗೆ ಕಾಣುವ ಚಿಕ್ಕಬಳ್ಳಾಪುರದಲ್ಲಿ ನಮ್ಮ ಹಿತ್ತಲು ಯಾವುದೆಂದು ಇಬ್ಬರೂ ಜಗಳವಾಡಿದೆವು. ಆ ಜಗಳ ಮುಗಿಯುವುದರೊಳಗೆ ಮಧ್ಯಾಹ್ನವಾಗಿತ್ತು.

ಇಳಿದು ಬಂದ ಮೇಲಿನ ಕಥೆ ನಿಮಗೆ ಗೊತ್ತು. ಸ್ಟಾಫ್ ರೂಮಿನಲ್ಲಿ "ಈಗ ಹನಿಮೂನಾ?" ಎಂದು ನಕ್ಕರು. ಈಗಲೇ, ಆಗ ಆಗಿರಲಿಲ್ಲ ಎಂದೆ. ಶಿರಸ್ತೇದಾರರು ನಮ್ಮವರನ್ನು ಮತ್ತೆ ಕೇಳಿದರಂತೆ, ಬೆಟ್ಟಕ್ಕೆ ಹೋಗಿದ್ಯಂತೆ, ಯಾಕಪ್ಪಾ ಎಂದು. ಈ ಸಲ ನಮ್ಮವರು "ಸುಮ್ನೆ ಸಾರ್" ಎಂದರಂತೆ. ಮನೆಗೆ ಬಂದು ಅದನ್ನು ನನಗೆ ಎರಡು ಸಲ ಹೇಳಿದರು.

ಅತ್ತೆ ಒಂದು ವಾರದ ಮೇಲೆ ಬಂದರು. ಮಕ್ಕಳು ಊರಿನಲ್ಲಿ ಚೆನ್ನಾಗಿ ತಿಂದು ಬಂದಿದ್ದರು. ಅತ್ತೆಗೆ ನನ್ನ ಹತ್ತಿರ ಮಾತಿಲ್ಲ. ಸಾರು ಬೇಕಾದರೆ ತಟ್ಟೆ ಮುಂದಕ್ಕೆ ತಳ್ಳುತ್ತಿದ್ದರು. ನಾನೂ ಸುಮ್ಮನೆ ಬಡಿಸುತ್ತಿದ್ದೆ.

ಮೊನ್ನೆ ಬಟ್ಟೆ ಒಣಹಾಕುತ್ತಿದ್ದಾಗ ಹಿತ್ತಲಿಗೆ ಬಂದು ನಿಂತರು. ಬೆಟ್ಟ ಚೊಕ್ಕವಾಗಿ ಕಾಣುತ್ತಿತ್ತು. ಬಹಳ ಹೊತ್ತು ಅದರ ಕಡೆ ನೋಡಿ, ನನ್ನ ಕಡೆ ತಿರುಗದೆ ಕೇಳಿದರು.

"ಅಲ್ಲಿಂದ ನಮ್ಮನೆ ಕಾಣ್ಸುತ್ತಾ?"

"ಯಾಕತ್ತೆ?"

"ಊರಿಕೇ ಅಡಿಗಿನಾ" ಎಂದರು. ಸುಮ್ಮನೆ ಕೇಳಿದೆ. ಕೊನೆಯ ಅಕ್ಷರವನ್ನು ಸ್ಪಷ್ಟವಾಗಿ, ಎಳೆದು.

ಸಾವಿತ್ರಮ್ಮನೂ ಸುಮ್ಮನೆ ಕೇಳಿದವರೇ, ಶಿರಸ್ತೇದಾರರೂ ಸುಮ್ಮನೆ ಕೇಳಿದವರೇ, ಇಡೀ ಊರೇ ಸುಮ್ಮನೆ ಕೇಳುತ್ತಿದೆ. ಕೇಳುವುದಕ್ಕೆ 'ಸುಮ್ಮನೆ' ಸಾಕು ಎಂದಾದರೆ, ಹೋಗುವುದಕ್ಕೆ ಯಾಕೆ ಸಾಲದು?